ಬಸುರಿಯ ಬಟ್ಟಲು

ದಿನ ತುಂಬುವ ಮೊದಲೇ ಹೆರಿಗೆ ನೋವು ಶುರುವಾದ ಬಸುರಿಯನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ದೊಡ್ಡ ಆಸ್ಪತ್ರೆಗೆ ಕರೆತಂದರೆ, ಅವಳ ಕೈಗೆ ಒಂದು ಡ್ರಿಪ್ ಹಾಕುತ್ತಿದ್ದರು. ಬಾಟಲಿಯಲ್ಲಿ ಗ್ಲೂಕೋಸ್ ನೀರಿನ ಜೊತೆ ಶೇ. 10ರ ಆಸುಪಾಸು ಎಥೆನಾಲ್ ಇರುತ್ತಿತ್ತು. ವಿಸ್ಕಿಯಲ್ಲೂ ಸಾರಾಯಿಯಲ್ಲೂ ಇರುವುದು ಅದೇ ಮದ್ಯಸಾರ. ಗಂಟೆಗಟ್ಟಲೆ ಅದು ರಕ್ತಕ್ಕೆ ಇಳಿಯುತ್ತಿದ್ದಂತೆ ಹೆಂಗಸರಿಗೆ ಅಮಲೇರುತ್ತಿತ್ತು. ಮಾತು ತೊದಲುತ್ತಿತ್ತು, ವಾಂತಿಯಾಗುತ್ತಿತ್ತು, ತಲೆ ಸಿಡಿಯುತ್ತಿತ್ತು. ನೋವು ಮಾತ್ರ ಎಷ್ಟೋ ಜನರಿಗೆ ತಗ್ಗುತ್ತಿತ್ತು.

ಈ ಚಿಕಿತ್ಸೆಯನ್ನು ರೂಢಿಗೆ ತಂದವರು ಡೆನ್ಮಾರ್ಕ್‌ನಿಂದ ಬಂದು ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿದ್ದ ಫ್ರಿಟ್ಜ್ ಫುಕ್ಸ್. ಗರ್ಭಕೋಶವನ್ನು ಹಿಂಡಿ ಹೆರಿಗೆ ಮಾಡಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಹೊರಡುತ್ತದೆ. ಮದ್ಯಸಾರ ಆ ಗ್ರಂಥಿಯ ಕೈ ಕಟ್ಟುತ್ತದೆ. ಹಾಗಾದರೆ ಅದೇ ಮದ್ದಾಗಬಹುದಲ್ಲ ಎಂಬುದು ಅವರ ತರ್ಕ. 1967ರಲ್ಲಿ ಪ್ರಬಂಧ ಪ್ರಕಟವಾಯಿತು. ದಿನ ತುಂಬುವ ಮೊದಲೇ ಹುಟ್ಟಿ ಸಾಯುತ್ತಿದ್ದ ಕೂಸುಗಳನ್ನು ಹತ್ತಾರು ವರ್ಷ ಕಂಡು ಕಂಗೆಟ್ಟಿದ್ದ ವೈದ್ಯರಿಗೆ ಆಗ ಬೇರೆ ಒಳ್ಳೆಯ ದಾರಿಯೂ ಇರಲಿಲ್ಲ. ರಿಟೊಡ್ರಿನ್ ಎಂಬ ಔಷಧಕ್ಕೆ 1980ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಗುವವರೆಗೂ ಮದ್ಯದ ಬಾಟಲಿ ಹೆರಿಗೆ ವಾರ್ಡಿನಲ್ಲಿ ತೂಗುತ್ತಲೇ ಇತ್ತು.

ಬಸುರಿಗೆ ಡಾಕ್ಟರೇ ನರದ ಮೂಲಕ ಮದ್ಯ ಕೊಡುತ್ತಿರುವಾಗ, ಸಂಜೆ ಒಂದು ಲೋಟ ವೈನ್ ಕುಡಿದರೆ ಏನಾದೀತು ಎಂದು ಯಾರು ಕೇಳಿಯಾರು? ಈ ಕತೆಯಲ್ಲಿ ಮನಸ್ಸಿಗೆ ನಾಟುವುದು ಒಂದು ಸಂಗತಿ. ಮದ್ಯ ಹೊಟ್ಟೆಯ ಕೂಸಿಗೆ ಆಗದು ಎಂದು ಆ ಹೊತ್ತಿಗಾಗಲೇ ಹಲವರು ಹೇಳಿಹೋಗಿದ್ದರು. ಹೇಳಿದ್ದನ್ನು ಲೋಕ ಮತ್ತೆ ಮತ್ತೆ ಮರೆತಿತ್ತು.

ಎಷ್ಟು ಹಿಂದೆ ಹೇಳಿದ್ದರು ಎಂದು ಹುಡುಕಹೊರಟರೆ ಚರಕ ಸಂಹಿತೆಯೇ ಎದುರಾಗುತ್ತದೆ. ಅದರ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಕ್ಕೆ ಕೇಡು ತರುವ ನಡವಳಿಕೆಗಳ ಪಟ್ಟಿಯಿದೆ. ನಿತ್ಯ ಮದ್ಯ ಕುಡಿಯುವ ಬಸುರಿಗೆ ಸದಾ ಬಾಯಾರುವ, ನೆನಪು ಕಡಿಮೆಯಾದ, ಚಿತ್ತ ಒಂದೆಡೆ ನಿಲ್ಲದ ಮಗು ಹುಟ್ಟುತ್ತದೆ ಎಂಬುದು ಆ ಪಟ್ಟಿಯ ಒಂದು ಮಾತು. ಮದ್ಯದಿಂದ ಮೆದುಳಿಗೆ ಪೆಟ್ಟು ಬಿದ್ದ ಮಕ್ಕಳ ಬಗ್ಗೆ ಇಂದಿನ ಮಕ್ಕಳ ತಜ್ಞರು ಬರೆಯುವುದಕ್ಕೂ ಇದಕ್ಕೂ ಇರುವ ಹೋಲಿಕೆ ಕಂಡು ಓದುಗರು ಬೆರಗಾಗುವುದು ಸಹಜ. ಆದರೆ ಪಟ್ಟಿಯನ್ನು ಪೂರ್ತಿ ಓದಬೇಕು. ಜಗಳಗಂಟಿಯಾದ ಬಸುರಿಗೆ ಅಪಸ್ಮಾರದ ಮಗು, ಸದಾ ಸಿಹಿ ತಿನ್ನುವವಳಿಗೆ ಪ್ರಮೇಹದ ಮಗು ಎಂಬ ಮಾತುಗಳೂ ಅಲ್ಲೇ ಇವೆ. ಇನ್ನೊಂದು ಸಂದರ್ಭದಲ್ಲಿ, ಒಳಗೆ ಉಳಿದ ಸತ್ತ ಪಿಂಡವನ್ನು ತೆಗೆದ ಮೇಲೆ, ನೋವು ಮರೆಯಲೆಂದು ಹೆಂಗಸಿಗೆ ಸುರೆಯನ್ನೋ ಅರಿಷ್ಟವನ್ನೋ ಅವಳ ಶಕ್ತಿಗೆ ತಕ್ಕಷ್ಟು ಕುಡಿಸಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಕಣ್ಣಿಟ್ಟು ನೋಡಿದ ಅನುಭವವೂ ನಂಬಿಕೆಯೂ ಅಲ್ಲಿ ಒಂದೇ ಸಾಲಿನಲ್ಲಿ ಕೂತಿವೆ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎನ್ನುವುದು ಎಷ್ಟು ತಪ್ಪೋ, ಏನೂ ಗೊತ್ತಿರಲಿಲ್ಲ ಎನ್ನುವುದೂ ಅಷ್ಟೇ ತಪ್ಪು.

ಇದೇ ಎಚ್ಚರ ಲಂಡನ್ನಿನ ಜಿನ್ ಕತೆಗೂ ಬೇಕು.

ಫ್ರಾನ್ಸಿನ ಬ್ರಾಂದಿಯನ್ನು ಹೊರಗಿಟ್ಟು ಸ್ವದೇಶಿ ಧಾನ್ಯದ ಮದ್ಯಕ್ಕೆ ದಾರಿ ಬಿಡುವ ಕಾಯ್ದೆಯನ್ನು 1690ರಲ್ಲಿ ಇಂಗ್ಲೆಂಡ್ ತಂದಿತು. ಮಿಕ್ಕುಳಿದ ಧಾನ್ಯಕ್ಕೆ ಬೆಲೆ ಸಿಗುತ್ತದೆಂದು ಜಮೀನ್ದಾರರಿಗೆ ಖುಷಿ, ತೆರಿಗೆ ಬರುತ್ತದೆಂದು ಸರ್ಕಾರಕ್ಕೆ ಖುಷಿ. ಮೂವತ್ತು ವರ್ಷದಲ್ಲಿ ಲಂಡನ್ನಿನ ಬಡವರ ಓಣಿಗಳಲ್ಲಿ ಜಿನ್ ಬಿಯರಿಗಿಂತ ಸುಲಭವಾಗಿ ಸಿಗತೊಡಗಿತು. ಮೇಣದಬತ್ತಿಯ ಅಂಗಡಿಯಲ್ಲಿ, ತಳ್ಳುಗಾಡಿಯಲ್ಲಿ, ನೆಲಮಾಳಿಗೆಯಲ್ಲಿ ಅದರದೇ ವ್ಯಾಪಾರ. ಬಿಯರು ಮಾರುವ ಪಡಖಾನೆ ಗಂಡಸರ ಜಾಗವಾಗಿತ್ತು. ಜಿನ್ ಮಾತ್ರ ಹೆಂಗಸರಿಗೂ ಕೈಗೆಟುಕಿತು, ಎಷ್ಟೋ ಕಡೆ ಮಾರುವವರೂ ಹೆಂಗಸರೇ. 1726ರ ಜನವರಿಯಲ್ಲಿ ಲಂಡನ್ನಿನ ವೈದ್ಯರ ಕಾಲೇಜು ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟಿತು. ಒಯ್ದವರು ವೈದ್ಯರೂ ಸಂಸದರೂ ಆಗಿದ್ದ ಜಾನ್ ಫ್ರೆಂಡ್. ಈ ಮದ್ಯದಿಂದಾಗಿ ಮಕ್ಕಳು ದುರ್ಬಲರೂ ರೋಗಿಷ್ಠರೂ ಆಗಿ ಹುಟ್ಟುತ್ತಿದ್ದಾರೆ, ದೇಶಕ್ಕೆ ಬಲವಾಗಬೇಕಾದವರು ಹೊರೆಯಾಗುತ್ತಿದ್ದಾರೆ ಎಂಬುದು ಅರ್ಜಿಯ ಸಾರ. 1729ರಲ್ಲೊಂದು, 1736ರಲ್ಲೊಂದು ಕಾಯ್ದೆ ಬಂತು. ಎರಡನೆಯದರಲ್ಲಿ ಚಿಲ್ಲರೆ ಮಾರಾಟದ ಪರವಾನಗಿಗೆ 50 ಪೌಂಡ್ ಶುಲ್ಕ. ಯಾರೂ ಕಟ್ಟಲಿಲ್ಲ ಎನ್ನುವಷ್ಟು ಕಡಿಮೆ ಜನ ಕಟ್ಟಿದರು, ಮಾರಾಟ ಕಳ್ಳದಾರಿ ಹಿಡಿಯಿತು. ಬಿಗಿ ಹಿಡಿತ ಬಂದದ್ದು 1751ರ ಕಾಯ್ದೆಯ ನಂತರ.

ಆ ವರ್ಷವೇ ವಿಲಿಯಂ ಹೋಗಾರ್ತ್ ತನ್ನ ‘ಜಿನ್ ಲೇನ್’ ಚಿತ್ರವನ್ನು ಅಚ್ಚು ಹಾಕಿಸಿದ. ಮೆಟ್ಟಿಲ ಮೇಲೆ ಅಮಲಿನಲ್ಲಿ ಕೂತ ತಾಯಿಯ ಕೈಜಾರಿ ಕೂಸು ಕೆಳಕ್ಕೆ ಬೀಳುತ್ತಿದೆ. ಆ ಕೂಸಿನ ಮುಖದಲ್ಲೇ ಮದ್ಯ ತಾಗಿದ ಮಕ್ಕಳ ಗುರುತಿದೆ, ಹೋಗಾರ್ತ್ ಅದನ್ನು ಕಂಡಿದ್ದ ಎಂದು ಇತ್ತೀಚಿನ ಕಾಲದ ಕೆಲವರು ಬರೆದರು. ಅಮೆರಿಕದ ಸಂಶೋಧಕ ಅರ್ನೆಸ್ಟ್ ಏಬಲ್ ಇದನ್ನು ಒಪ್ಪಲಿಲ್ಲ. ಬಸಿರಿನ ಒಂಬತ್ತು ತಿಂಗಳಲ್ಲಿ ಕುಡಿದದ್ದು ಕೂಸಿಗೆ ತಾಗುತ್ತದೆ ಎಂಬ ಸ್ಪಷ್ಟ ಕಲ್ಪನೆ ಆಗಿನವರಿಗೆ ಇರಲಿಲ್ಲ ಎಂಬುದು ಅವರ ವಾದ. ಕೂಡುವ ಹೊತ್ತಿನಲ್ಲಿ ಅಪ್ಪ ಅಮ್ಮ ಅಮಲಿನಲ್ಲಿದ್ದರೆ ಮಗು ಕೆಡುತ್ತದೆ, ಕುಡುಕ ದಾದಿಯ ಹಾಲು ಕುಡಿದರೆ ಕೆಡುತ್ತದೆ ಎಂಬ ನಂಬಿಕೆಗಳೇ ಆಗ ಹೆಚ್ಚು. ಏಬಲ್ ಹೇಳುವುದು ನ್ಯಾಯವಾಗಿದೆ. ಆದರೂ ಆ ಓಣಿಗಳ ವೈದ್ಯರು ಕಂಡ ಬಡಕಲು ಕೂಸುಗಳು ಕಟ್ಟುಕತೆಯಾಗಿರಲಿಲ್ಲ. ಕಾರಣದ ಎಳೆ ಮಾತ್ರ ಅವರ ಕೈಗೆ ಸರಿಯಾಗಿ ಸಿಕ್ಕಿರಲಿಲ್ಲ.

ಎಳೆ ಮೊದಲು ಗಟ್ಟಿಯಾಗಿ ಸಿಕ್ಕಿದ್ದು ಒಂದು ಜೈಲಿನಲ್ಲಿ.

ಲಿವರ್‌ಪೂಲ್ ಜೈಲಿನ ವೈದ್ಯಾಧಿಕಾರಿಯಾಗಿದ್ದ ವಿಲಿಯಂ ಸಲಿವನ್, ವಿಪರೀತ ಕುಡಿತಕ್ಕೆ ಬಿದ್ದಿದ್ದ 120 ಹೆಂಗಸರ ಬಸಿರಿನ ಕತೆಯನ್ನು ಒಂದೊಂದಾಗಿ ಕೇಳಿ ಬರೆದಿಟ್ಟರು. 1899ರಲ್ಲಿ ಅದು ಪ್ರಕಟವಾಯಿತು. ಆ ಹೆಂಗಸರು ಹೆತ್ತ 600 ಮಕ್ಕಳಲ್ಲಿ 335 ಸತ್ತು ಹುಟ್ಟಿದ್ದವು ಅಥವಾ ಎರಡು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದವು. ಬಡತನದಿಂದಲೇ ಹೀಗಾಗಿರಬಹುದಲ್ಲ ಎಂದು ಯಾರಾದರೂ ಕೇಳುತ್ತಾರೆಂದು ಸಲಿವನ್ನರಿಗೆ ಗೊತ್ತಿತ್ತು. ಅದಕ್ಕೇ ಅವರು ಈ ಹೆಂಗಸರ ಅಕ್ಕತಂಗಿಯರನ್ನೂ ಇತರ ನೆಂಟರನ್ನೂ ಹುಡುಕಿದರು. ಕುಡಿಯದೆ ಇದ್ದ 28 ಜನರ 138 ಮಕ್ಕಳಲ್ಲಿ ಹಾಗೆ ಸತ್ತವು ನೂರಕ್ಕೆ ಇಪ್ಪತ್ತನಾಲ್ಕರಷ್ಟು. ಕುಡಿಯುವವರಲ್ಲಿ ಅದು ನೂರಕ್ಕೆ ಐವತ್ತಾರರ ಹತ್ತಿರ. ರಕ್ತವೂ ಬಡತನವೂ ಒಂದೇ, ಬೇರೆಯಾಗಿದ್ದದ್ದು ಬಾಟಲಿ ಮಾತ್ರ. ಚೊಚ್ಚಲ ಮಗುವಿಗಿಂತ ಎರಡನೆಯದು, ಎರಡನೆಯದಕ್ಕಿಂತ ಮುಂದಿನವು ಹೆಚ್ಚು ಸಾಯುತ್ತಿದ್ದವು. ಕುಡಿತದ ವರ್ಷಗಳು ಕೂಡಿದಂತೆ ಸಾವೂ ಕೂಡುತ್ತಿತ್ತು.

ಸಲಿವನ್ ಬರೆದ ಇನ್ನೊಂದು ವಿಷಯ ಎಲ್ಲಕ್ಕಿಂತ ಮುಖ್ಯ. ಸಾಲುಸಾಲಾಗಿ ಮಕ್ಕಳನ್ನು ಕಳೆದುಕೊಂಡ ಕೆಲವರು ಬಸಿರಿನ ಮೊದಲ ತಿಂಗಳುಗಳಲ್ಲೇ ಶಿಕ್ಷೆಯಾಗಿ ಒಳಗೆ ಬಂದಿದ್ದರು. ಅವರು ಹೆತ್ತ ಕೂಸು ಬದುಕಿತ್ತು. ಜೈಲಿನ ಊಟ ಯಾವ ಲೆಕ್ಕದಲ್ಲೂ ಬಸುರಿಯ ಪಥ್ಯವಲ್ಲ. ಅಲ್ಲಿ ಇಲ್ಲದೆ ಇದ್ದದ್ದು ಮದ್ಯ.

ಇಷ್ಟು ಸ್ಪಷ್ಟವಾದ ಮಾತು ಮರೆತುಹೋದದ್ದು ಹೇಗೆ? ಅದರಲ್ಲಿ ವಿಜ್ಞಾನಕ್ಕಿಂತ ರಾಜಕೀಯದ ಪಾಲೇ ದೊಡ್ಡದು. ಲಂಡನ್ನಿನ ಗಾಲ್ಟನ್ ಪ್ರಯೋಗಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಮತ್ತು ಎಥೆಲ್ ಎಲ್ಡರ್ಟನ್ 1910ರಲ್ಲಿ ಬೇರೆಯೇ ಲೆಕ್ಕ ಮುಂದಿಟ್ಟರು. ಕುಡುಕರ ಮಕ್ಕಳಿಗೂ ಉಳಿದವರ ಮಕ್ಕಳಿಗೂ ಹೇಳಿಕೊಳ್ಳುವ ಅಂತರವಿಲ್ಲ ಎಂದರು. ನೀವು ಆರಿಸಿಕೊಂಡ ಕೇರಿಯಲ್ಲಿ ಎಲ್ಲರೂ ಸಮಾನ ದುಃಸ್ಥಿತಿಯಲ್ಲಿದ್ದರಲ್ಲ ಎಂದು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ತಕರಾರೆತ್ತಿದರು. ಪತ್ರಿಕೆಗಳಲ್ಲಿ ದೊಡ್ಡ ಜಗಳವಾಯಿತು. ಅಷ್ಟರಲ್ಲಿ ಮದ್ಯವಿರೋಧಿ ಚಳವಳಿ ಇಂಥ ಅಂಕಿಗಳನ್ನೆಲ್ಲ ತನ್ನ ಭಾಷಣಕ್ಕೆ ಎತ್ತಿಕೊಂಡಿತ್ತು. ಅಮೆರಿಕದಲ್ಲಿ 1920ರಲ್ಲಿ ಪಾನನಿಷೇಧ ಬಂತು, 1933ರಲ್ಲಿ ಸೋತು ಹೋಯಿತು. ಸೋತ ಚಳವಳಿಯ ಜೊತೆ ಅದು ಹೇಳುತ್ತಿದ್ದ ಮಾತಿಗೂ ಕೆಟ್ಟ ಹೆಸರು ಬಂತು. 1942ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹ್ಯಾಗರ್ಡ್ ಮತ್ತು ಜೆಲಿನೆಕ್, ಮದ್ಯದಿಂದ ಹೊಟ್ಟೆಯ ಕೂಸಿಗೆ ಹಾನಿ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲವೆಂದು ಬರೆದರು. ಪುರಾವೆ ಇಲ್ಲ ಎಂಬುದು ಹಾನಿ ಇಲ್ಲ ಎಂದಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಫುಕ್ಸ್ ಅವರ ಡ್ರಿಪ್ ಈ ನೆಲದ ಮೇಲೆ ನಿಂತಿತ್ತು.

ಮತ್ತೆ ಕಣ್ಣು ತೆರೆಸಿದವರು ಮಕ್ಕಳನ್ನು ದಿನವೂ ನೋಡುವವರು. ಫ್ರಾನ್ಸಿನ ನಾಂತ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ 1968ರಲ್ಲಿ ಕುಡುಕ ತಂದೆತಾಯಂದಿರ 127 ಮಕ್ಕಳನ್ನು ಕುರಿತು ಬರೆದರು. ಮುಖದ ಚಹರೆ ಒಬ್ಬರಿಗೊಬ್ಬರು ಅಷ್ಟು ಹೋಲುತ್ತಿತ್ತೆಂದರೆ ಮಗುವನ್ನು ನೋಡಿಯೇ ತಾಯಿಯ ಕುಡಿತವನ್ನು ಊಹಿಸಬಹುದಿತ್ತು. ಲೇಖನ ಬಂದದ್ದು ಪ್ರಾಂತ್ಯದ ಒಂದು ಫ್ರೆಂಚ್ ಪತ್ರಿಕೆಯಲ್ಲಿ. ಹೊರಗಿನವರು ಅದನ್ನು ಗಮನಿಸಲಿಲ್ಲ.

ಅದೇ ಹೊತ್ತಿಗೆ ಅಮೆರಿಕದ ಸಿಯಾಟಲ್‌ನಲ್ಲಿ ಕ್ರಿಸ್ಟಿ ಉಲೆಲ್ಯಾಂಡ್ ಎಂಬ ಕಿರಿಯ ವೈದ್ಯೆ, ಎಷ್ಟು ಉಣಿಸಿದರೂ ಮೈ ಹಿಡಿಯದ ಕೂಸುಗಳ ದಾಖಲೆ ತಿರುವುತ್ತಿದ್ದರು. ಹಲವು ತಾಯಂದಿರು ಕುಡಿತಕ್ಕೆ ಬಿದ್ದವರು ಎಂಬುದು ಅವರ ಗಮನಕ್ಕೆ ಬಂತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸ್ಮಿತ್ ಮತ್ತು ಕೆನೆತ್ ಲಯನ್ಸ್ ಜೋನ್ಸ್ ಆ ಮಕ್ಕಳನ್ನು ಪರೀಕ್ಷಿಸಿದರು. ಕಣ್ಣಿನ ಸೀಳು ಚಿಕ್ಕದು, ಮೂಗಿನಿಂದ ತುಟಿಗೆ ಇಳಿಯುವ ತೋಡು ಸಪಾಟು, ಮೇಲ್ದುಟಿ ತೆಳು, ತಲೆ ಸಣ್ಣದು. ಮನೋವಿಜ್ಞಾನಿ ಆನ್ ಸ್ಟ್ರೈಸ್‌ಗತ್ ಮಕ್ಕಳ ಬುದ್ಧಿಬೆಳವಣಿಗೆಯನ್ನು ಅಳೆದರು. 1973ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಎಂಟು ಮಕ್ಕಳ ವರದಿ ಬಂತು. ನೆಂಟಸ್ತಿಕೆ ಇಲ್ಲದ, ಮೂರು ಬೇರೆ ಬೇರೆ ಜನಾಂಗಗಳಿಗೆ ಸೇರಿದ ಎಂಟು ಮಕ್ಕಳಿಗೆ ಒಂದೇ ಮುಖ. ಅದೇ ವರ್ಷ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಲೆಮ್ವಾನ್ ಬರೆದದ್ದು ಅವರಿಗೆ ತಿಳಿದದ್ದು ಆಮೇಲೆ.

ಕಾರಣದ ಎಳೆ ಈಗ ಬಿಡಿಸಿಕೊಂಡಿತು. ತಾಯಿ ಕುಡಿದ ಮದ್ಯ ಮಾಸನ್ನು ದಾಟಿ ಕೂಸಿನ ರಕ್ತಕ್ಕೆ ಹೋಗುತ್ತದೆ, ಅಲ್ಲಿ ಅದರ ಪ್ರಮಾಣ ತಾಯಿಯ ರಕ್ತದಲ್ಲಿರುವಷ್ಟೇ ಏರುತ್ತದೆ. ದೊಡ್ಡವರ ಯಕೃತ್ತು ಒಡೆದು ಹಾಕುವ ಮದ್ಯಸಾರವನ್ನು ಇನ್ನೂ ರೂಪುಗೊಳ್ಳುತ್ತಿರುವ ಯಕೃತ್ತು ಒಡೆಯಲಾರದು. ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುವುದರಿಂದ ಯಾವ ತಿಂಗಳೂ ಕ್ಷೇಮದ ತಿಂಗಳಲ್ಲ. ಅಮೆರಿಕದ ಸರ್ಜನ್ ಜನರಲ್ 1981ರಲ್ಲಿ ಬಸುರಿಯರು ಕುಡಿಯಬಾರದೆಂದು ಸಲಹೆ ಕೊಟ್ಟರು. 1989ರ ನವೆಂಬರಿನಿಂದ ಅಲ್ಲಿನ ಪ್ರತಿ ಬಾಟಲಿಯ ಮೇಲೂ ಆ ಎಚ್ಚರಿಕೆ ಬಂತು.

ಆದರೆ ಲಿವರ್‌ಪೂಲಿನವರೂ ಸಿಯಾಟಲ್‌ನವರೂ ಕಂಡದ್ದು ಮಿತಿಮೀರಿ ಕುಡಿದವರನ್ನು. ವಾರಕ್ಕೊಂದು ಲೋಟದವಳ ಮಾತೇನು? ಜಗಳ ಇಂದಿಗೂ ಇರುವುದು ಇಲ್ಲಿ. ಬ್ರಿಟನ್ನಿನ ನೈಸ್ ಸಂಸ್ಥೆಯ 2008ರ ಮಾರ್ಗಸೂಚಿ ಮೊದಲ ಮೂರು ತಿಂಗಳು ಬೇಡ ಎಂದಿತು. ಆಮೇಲೆ ಕುಡಿಯಲೇಬೇಕೆನ್ನುವವರಿಗೆ ವಾರಕ್ಕೆ ಒಂದೆರಡು ಬಾರಿ, ಒಂದೆರಡು ಯೂನಿಟ್ ಎಂಬ ಮಿತಿ ಹಾಕಿತು. ಒಂದು ಯೂನಿಟ್ಟೆಂದರೆ 8 ಗ್ರಾಂ ಮದ್ಯಸಾರ. ಮರುವರ್ಷ ಬ್ರಿಟನ್ನಿನ ಸಾವಿರಾರು ಮಕ್ಕಳ ಅಧ್ಯಯನವೊಂದು, ಬಸಿರಿನಲ್ಲಿ ತುಸುವೇ ಕುಡಿದವರ ಮೂರು ವರ್ಷದ ಮಕ್ಕಳು ಯಾವುದರಲ್ಲೂ ಹಿಂದೆ ಬಿದ್ದಿಲ್ಲ, ಕೆಲವು ವಿಷಯದಲ್ಲಿ ಮುಂದೆಯೇ ಇದ್ದಾರೆ ಎಂದಿತು. ಪತ್ರಿಕೆಗಳು ಹಬ್ಬ ಮಾಡಿದವು. ಆ ಅಧ್ಯಯನದಲ್ಲಿ ತುಸು ಕುಡಿಯುತ್ತಿದ್ದವರು ಹೆಚ್ಚಾಗಿ ಓದಿದವರು, ಅನುಕೂಲಸ್ಥರು. ಅಂಥ ಮನೆಯ ಮಕ್ಕಳು ಮುಂದಿರುವುದಕ್ಕೆ ವೈನ್ ಕಾರಣವಾಗಬೇಕಿಲ್ಲ. ಪಿಯರ್ಸನ್ನರಿಗೆ ಕೇನ್ಸ್ ಎತ್ತಿದ ತಕರಾರು ನೂರು ವರ್ಷದ ನಂತರ ತಿರುಗುಮುರುಗಾಗಿ ಬಂದು ನಿಂತಿತ್ತು.

ಈ ಗಂಟನ್ನು ಬಿಡಿಸಲು ಬ್ರಿಸ್ಟಲ್‌ನ ಸಂಶೋಧಕರು ಹಿಡಿದ ದಾರಿ ಸೊಗಸಾದದ್ದು. ಮದ್ಯವನ್ನು ಒಡೆಯುವ ವೇಗ ಜೀನ್‌ಗಳಿಂದ ನಿರ್ಧಾರವಾಗುತ್ತದೆ. ಯಾರಿಗೆ ಯಾವ ಜೀನ್ ಬರುತ್ತದೆ ಎಂಬುದನ್ನು ಓದೂ ಹಣವೂ ತೀರ್ಮಾನಿಸುವುದಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳ ಜೀನ್‌ಗಳನ್ನೂ ಎಂಟನೆಯ ವಯಸ್ಸಿನ ಐಕ್ಯೂವನ್ನೂ ಅವರು ಜೋಡಿಸಿ ನೋಡಿದರು. ವಾರಕ್ಕೆ ಒಂದರಿಂದ ಆರು ಯೂನಿಟ್ ಕುಡಿದ ತಾಯಂದಿರ ಮಕ್ಕಳಲ್ಲಿ, ಈ ವೇಗವನ್ನು ಬದಲಿಸುವ ಒಂದೊಂದು ಜೀನ್ ರೂಪಕ್ಕೂ ಸರಾಸರಿ 1.8 ಅಂಕದಷ್ಟು ಐಕ್ಯೂ ಕಡಿಮೆಯಿತ್ತು. ಬಸಿರಿನಲ್ಲಿ ಕುಡಿಯದೇ ಇದ್ದವರ ಮಕ್ಕಳಲ್ಲಿ ಅದೇ ಜೀನ್‌ಗಳಿದ್ದರೂ ಇಂಥ ಇಳಿತ ಕಾಣಲಿಲ್ಲ. 2012ರಲ್ಲಿ ಈ ಫಲಿತಾಂಶ ಬಂತು. ಒಂದು ಮಗುವಿನಲ್ಲಿ ಇದು ಕಣ್ಣಿಗೆ ಬೀಳದ ವ್ಯತ್ಯಾಸ. ಆದರೆ ತುಸು ಕುಡಿತ ತಾಗುವುದೇ ಇಲ್ಲ ಎನ್ನುವವರಿಗೆ ಅದು ಗಟ್ಟಿಯಾದ ಉತ್ತರ. ಕ್ಷೇಮ ಎನ್ನಬಹುದಾದ ಅಳತೆಯೊಂದನ್ನು ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ. ಹಾಗಿರುವಾಗ ‘ಒಂದು ಗುಟುಕಿಗೆ ಏನೂ ಆಗುವುದಿಲ್ಲ’ ಎಂದು ಬಸುರಿಗೆ ಭರವಸೆ ಕೊಡುವ ಹಕ್ಕು ಯಾರಿಗೂ ಇಲ್ಲ.

ಫ್ರಾನ್ಸಿನಲ್ಲಿ 2007ರಿಂದ ವೈನ್ ಬಾಟಲಿಗಳ ಮೇಲೆ ಲೋಟ ಹಿಡಿದ ಬಸುರಿಯ ಪುಟ್ಟ ಚಿತ್ರ, ಅದರ ಮೇಲೊಂದು ಅಡ್ಡಗೆರೆ ಇದೆ. ಭಾರತದಲ್ಲಿ 2019ರಲ್ಲಿ ಕಡ್ಡಾಯವಾದ ಎಚ್ಚರಿಕೆ ಆರೋಗ್ಯಕ್ಕೆ ಹಾನಿ ಎನ್ನುತ್ತದೆ, ಕುಡಿದು ವಾಹನ ಓಡಿಸಬೇಡಿ ಎನ್ನುತ್ತದೆ. ಬಸುರಿಯ ಮಾತು ಅದರಲ್ಲಿ ಸೇರಲಿಲ್ಲ. ಊರೂರಿನ ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲಾದರೂ ಅದು ಇರಬೇಕಾದ ಮಾತು.

ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಹಳೆಯ ಮಿತಿಯನ್ನು ತೆಗೆದುಹಾಕಿದರು. ಬಸಿರಿನಲ್ಲಿ ಒಂದು ತೊಟ್ಟೂ ಕುಡಿಯದಿರುವುದೇ ಎಲ್ಲಕ್ಕಿಂತ ಕ್ಷೇಮ ಎಂದರು. ಅದರ ಜೊತೆ ಇನ್ನೊಂದು ಮಾತನ್ನೂ ಸೇರಿಸಿದರು: ಬಸಿರು ಗೊತ್ತಾಗುವ ಮೊದಲು ತುಸು ಕುಡಿದವರು ಗಾಬರಿಯಾಗಬೇಕಿಲ್ಲ, ಕೂಸಿಗೆ ತೊಂದರೆಯಾಗುವ ಸಂಭವ ಕಡಿಮೆ, ತಿಳಿದ ದಿನವೇ ನಿಲ್ಲಿಸಲಿ. ಲಿವರ್‌ಪೂಲಿನ ಆ ಹೆಂಗಸರು ತಾವಾಗಿ ನಿಲ್ಲಿಸಿದವರಲ್ಲ. ನ್ಯಾಯಾಧೀಶರು ಹಾಕಿದ ಶಿಕ್ಷೆಯಿಂದ ಕುಡಿತ ನಿಂತಿತ್ತು, ಮನೆಯಲ್ಲಿ ನಾಲ್ಕೈದು ಕೂಸುಗಳನ್ನು ಮಣ್ಣು ಮಾಡಿ ಬಂದವಳ ಮಗು ಜೈಲಿನ ಕೋಣೆಯಲ್ಲಿ ಹಾಲು ಕುಡಿಯುತ್ತಿತ್ತು.