ನಾರು ಹೋದ ಕಥೆ, ನೀರು ಉಳಿದ ಕಥೆ



ಮೊನ್ನೆ ಏಳನೇ ತರಗತಿಯಲ್ಲಿ ನೀರಿನ ಪಾಠ ಮಾಡುವಾಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿದೆವು. "ನಾರು ಅಂದ್ರ ಏನು?" ತೆಂಗಿನ ನಾರು, ಬಾಳೆಯ ನಾರು, ಹೂ ಕಟ್ಟುವ ನಾರು ಎಂದು ಉತ್ತರಗಳು ಬಂದವು. "ಮನಿಗೆ ಹೋಗಿ ನಿಮ್ಮ ಆಯಿನ್ನ ಕೇಳ್ಕೊಂಡ ಬರ್ರಿ" ಎಂದೆವು. ಮರುದಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ನಮ್ಮ ಆಯಿ ಕಾಲಾಗ ಇನ್ನಾ ಗುರುತ ಅದ. ಕಲಬುರ್ಗಿ ಕಡೆ ತವರಮನ್ಯಾಗ ಇದ್ದಾಗ ಕಾಲಾಗಿಂದ ಹುಳ ಬಂದಿತ್ತಂತ" ಎಂದಳು. ತರಗತಿಯೆಲ್ಲ ಸುಮ್ಮನಾಯಿತು.

ಆ ಹುಳದ ರೋಗವೇ ನಾರುಹುಣ್ಣು. ಮರಾಠಿಯಲ್ಲಿಯೂ ಅದು ನಾರೂ. ಎರಡೂ ಭಾಷೆಗಳಲ್ಲಿ ಇದ್ದ ಈ ಶಬ್ದ ಈಗ ಎರಡೂ ಭಾಷೆಯ ಮಕ್ಕಳಿಗೆ ಗೊತ್ತಿಲ್ಲ. ಇದು ಸಂತೋಷದ ಸಂಗತಿಯೇ. ಆದರೆ ರೋಗದ ಜೊತೆಗೆ, ಅದನ್ನು ಓಡಿಸಿದ ತಿಳಿವಳಿಕೆಯನ್ನೂ ಮರೆತಿದ್ದೇವೆಯೇ ಎಂಬುದು ನಮ್ಮ ಚಿಂತೆ.

ಮೊದಲು ನಮ್ಮ ನೆಲದ ಇತಿಹಾಸ ಸ್ವಲ್ಪ ನೋಡೋಣ. ಉಮರ್ಗಾ, ನಿಲಂಗಾ, ಉದಗೀರ ಮೂರೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಉದಗೀರ ಮತ್ತು ನಿಲಂಗಾ ತಾಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯ ಭಾಗವೇ ಆಗಿದ್ದವು. ಆ ವರ್ಷ ಬೀದರ ಮೈಸೂರು ರಾಜ್ಯಕ್ಕೆ ಹೋಯಿತು, ಈ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಬಂದವು. 1960ರಲ್ಲಿ ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರ ಜಿಲ್ಲೆ ಆದಾಗ ಉದಗೀರ, ನಿಲಂಗಾ ಅದರೊಳಗೆ ಸೇರಿದವು. ಉಮರ್ಗಾ ಉಸ್ಮಾನಾಬಾದದಲ್ಲಿ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ಕಾಗದದ ಮೇಲೆ ಗಡಿ ಬಂತು. ಆದರೆ ಕೆಳಗಿನ ಕರಿಕಲ್ಲು ಒಂದೇ, ಮೇಲಿನ ಎರೆಮಣ್ಣು ಒಂದೇ, ಬಾವಿಯ ನೀರೂ ಒಂದೇ.

ಹಿಂದೆ ಈ ಕಡೆಯ ಬಹಳ ಊರುಗಳಲ್ಲಿ ಕುಡಿಯುವ ನೀರಿಗೆ ಮೆಟ್ಟಿಲು ಬಾವಿಗಳೇ ಆಧಾರ. ಮರಾಠಿಯಲ್ಲಿ ಇವಕ್ಕೆ ಬಾರವ ಎನ್ನುತ್ತಾರೆ. ಕಲ್ಲಿನ ಕೆಲಸ ಬಹಳ ಚೆಂದ. ಆದರೆ ಜನ ನೀರಿನೊಳಗೆ ಕಾಲಿಟ್ಟು ಕೊಡ ತುಂಬುತ್ತಿದ್ದರು. ರೋಗದ ಗುಟ್ಟು ಅಲ್ಲಿಯೇ ಇತ್ತು. ನಾರು ಇದ್ದವನ ಕಾಲಿನಲ್ಲಿ ಬೊಬ್ಬೆ ಏಳುತ್ತದೆ, ಉರಿ ತಾಳಲಾರದೆ ಅವನು ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ಆಗ ಹುಳು ತನ್ನ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ ಸಣ್ಣ ಚುಕ್ಕೆಯಂಥ ನೀರುಜೀವಿ ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ಮೈಯಲ್ಲಿ ಸುಮಾರು ಒಂದು ವರ್ಷ ಹುಳು ಬೆಳೆಯುತ್ತದೆ. ಎರಡು ಮೂರು ಅಡಿ ಉದ್ದದ ಬಿಳಿ ದಾರದಂತಾಗಿ ಮತ್ತೆ ಕಾಲಿನಿಂದ ಹೊರಬರುತ್ತದೆ. ಎಳೆದರೆ ಹರಿಯುತ್ತದೆ, ಹರಿದರೆ ಕಾಲು ಕೊಳೆಯುತ್ತದೆ. ಅದಕ್ಕೇ ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಹೊರಗೆ ತೆಗೆಯುತ್ತಿದ್ದರು. ವಾರಗಟ್ಟಲೆ ಹೊಲವಿಲ್ಲ, ಕೂಲಿಯಿಲ್ಲ, ಮಕ್ಕಳಿಗೆ ಶಾಲೆಯಿಲ್ಲ.

ಸೈಕ್ಲಾಪ್ಸ್‌ನ ಈ ಪಾತ್ರವನ್ನು ರಷ್ಯದ ವಿಜ್ಞಾನಿ ಫೆಡ್ಚೆಂಕೊ 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಕಂಡುಹಿಡಿದರು. ಅಂದರೆ ದಾರಿ ಆಗಲೇ ತಿಳಿದಿತ್ತು. ಬಟ್ಟೆಯಲ್ಲಿ ಸೋಸಿದರೆ ಸಾಕು, ರೋಗವಿದ್ದವರು ಬಾವಿಗೆ ಇಳಿಯದಿದ್ದರೆ ಸಾಕು. ಆದರೂ ನಮ್ಮ ಹಳ್ಳಿಗಳಿಂದ ಅದು ಹೋಗಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಮೊದಲ ಬದಲಾವಣೆ ಬಂದದ್ದು ಬರದಿಂದ. 1972ರ ಬರಗಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ವರ್ಷಗಳಲ್ಲಿ ಕರಿಕಲ್ಲು ಕೊರೆಯುವ ಯಂತ್ರಗಳು ಹಳ್ಳಿ ಹಳ್ಳಿಗೆ ಬಂದವು. ಬೋರು ಕೊರೆದರು, ಆದರೆ ಮೇಲೆ ಕೂರಿಸಿದ ಬೀಡುಕಬ್ಬಿಣದ ಕೈಪಂಪುಗಳು ಬೇಗ ಮುರಿಯುತ್ತಿದ್ದವು. ಅವು ಒಂದು ಮನೆಗೆಂದು ಮಾಡಿದ ಪಂಪುಗಳು. ಇಡೀ ಊರು ಬೆಳಗಿನಿಂದ ರಾತ್ರಿಯವರೆಗೆ ಒತ್ತಿದರೆ ಹೇಗೆ ತಾಳಬೇಕು? ಇದಕ್ಕೆ ಉತ್ತರ ಹುಟ್ಟಿದ್ದು ನಮ್ಮ ನೆರೆಯಲ್ಲಿಯೇ. ಮರಾಠವಾಡದ ಜಾಲ್ನಾದಲ್ಲಿ, ಆಮೇಲೆ ಸೊಲ್ಲಾಪುರದಲ್ಲಿ ಮಿಶನರಿಗಳ ಕಾರ್ಯಾಗಾರಗಳಲ್ಲಿ ಗಟ್ಟಿಮುಟ್ಟಾದ ಉಕ್ಕಿನ ಪಂಪು ತಯಾರಾಯಿತು. ಆ ಸೊಲ್ಲಾಪುರ ಪಂಪನ್ನೇ ಆಧಾರ ಮಾಡಿಕೊಂಡು ಕೇಂದ್ರ ಸರ್ಕಾರ ಮತ್ತು ಯುನಿಸೆಫ್ 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್ ಟೂ ಕೈಪಂಪನ್ನು ರೂಪಿಸಿದವು. ಅದು ಆಫ್ರಿಕದ ಹಳ್ಳಿಗಳವರೆಗೂ ಹೋಯಿತು. ಉಮರ್ಗಾದಿಂದ ಹೆದ್ದಾರಿ ಹಿಡಿದರೆ ಸಿಗುವ ಸೊಲ್ಲಾಪುರದ ಹೆಸರು ಪ್ರಪಂಚದ ಕುಡಿಯುವ ನೀರಿನ ಇತಿಹಾಸದಲ್ಲಿದೆ ಎಂಬುದನ್ನು ಮಕ್ಕಳಿಗೆ ಹೇಳಬೇಕಲ್ಲವೇ?

ಎರಡನೇ ಬದಲಾವಣೆ 1983-84ರಲ್ಲಿ ಆರಂಭವಾದ ರಾಷ್ಟ್ರೀಯ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ. ಆಗ ಏಳು ರಾಜ್ಯಗಳಲ್ಲಿ ಈ ರೋಗವಿತ್ತು. ಮಹಾರಾಷ್ಟ್ರ, ಕರ್ನಾಟಕ ಎರಡೂ ಆ ಪಟ್ಟಿಯಲ್ಲಿದ್ದವು. 1984ರಲ್ಲಿ ದೇಶದಲ್ಲಿ ಸುಮಾರು 40 ಸಾವಿರ ರೋಗಿಗಳು. ಈ ರೋಗಕ್ಕೆ ಲಸಿಕೆ ಇರಲಿಲ್ಲ, ಔಷಧಿ ಇರಲಿಲ್ಲ. ಇಂದಿಗೂ ಇಲ್ಲ. ಕಾರ್ಯಕರ್ತರು ಮನೆ ಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ಸೋಸುವ ಬಟ್ಟೆ ಕೊಟ್ಟರು, ಬಾವಿಗಳಿಗೆ ಟೆಮಿಫಾಸ್ ಹಾಕಿದರು, ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಮೇಲಿನಿಂದ ಹಗ್ಗ ಹಾಕಿ ಸೇದುವಂತೆ ಮಾಡಿದರು. ದೇಶದ ಕೊನೆಯ ರೋಗಿ 1996ರ ಜುಲೈನಲ್ಲಿ ರಾಜಸ್ಥಾನದಲ್ಲಿ ಸಿಕ್ಕರು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಮುಕ್ತ ಎಂದು ಘೋಷಿಸಿತು. ಎರಡು ಮಡಿಕೆಯ ಬಟ್ಟೆಯನ್ನು ದಿನವೂ ಕೊಡದ ಬಾಯಿಗೆ ಕಟ್ಟಿದ ತಾಯಂದಿರ ಗೆಲುವು ಇದು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಬಾವಿ ಬಿಟ್ಟು ಬೋರಿಗೆ ಹೋದೆವು, ಬೋರು ವರ್ಷ ವರ್ಷ ಆಳವಾಯಿತು. ಹುಳು ಹೋಯಿತು, ಗಡಸು ಬಂತು. ಕರಿಕಲ್ಲಿನೊಳಗಿನ ಸುಣ್ಣ, ಮೆಗ್ನೀಶಿಯಂ ಅಂಶ ನೀರಿನಲ್ಲಿ ಕರಗುತ್ತದೆ. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ, ಹಂಡೆಯ ತಳದಲ್ಲಿ ಬಿಳಿ ಪದರು ಕೂರುತ್ತದೆ. ಹೊಲದ ಗೊಬ್ಬರ, ತಿಪ್ಪೆ, ಶೌಚಗುಂಡಿಯಿಂದ ನೈಟ್ರೇಟ್ ಇಳಿಯುತ್ತದೆ. ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಹಸುಗೂಸುಗಳಿಗೆ ಅಪಾಯ.

ಇಲ್ಲಿ ನಾರಿನ ಇತಿಹಾಸ ಕಲಿಸುವ ಪಾಠ ಒಂದೇ: ನೀರಿನ ಒಂದೊಂದು ದೋಷಕ್ಕೆ ಒಂದೊಂದೇ ಮದ್ದು. ಬಟ್ಟೆ ಸೈಕ್ಲಾಪ್ಸ್ ಹಿಡಿಯುತ್ತದೆ, ರೋಗಾಣು ಬಿಡಿಬಿಡಿಯಾಗಿದ್ದರೆ ಹಿಡಿಯುವುದಿಲ್ಲ. ಮಳೆಗಾಲದ ರಾಡಿ ನೀರಿಗೆ ಪಟಿಕ, ನಮ್ಮ ಕಡೆಯ ತುರಟಿ, ತಿರುವಿ ಇಟ್ಟರೆ ಮಣ್ಣು ತಳಕ್ಕೆ ಕೂರುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವಲ್ಲ. ರೋಗಾಣು ಸಾಯಲು ಕೊತಕೊತ ಕುದಿಸಬೇಕು, ಇಲ್ಲವೇ ಕ್ಲೋರಿನ್ ದ್ರವ ಹಾಕಿ ಅರ್ಧ ಗಂಟೆ ಬಿಡಬೇಕು. ಕುದಿಸಿದರೆ ಗಡಸು ಸ್ವಲ್ಪ ಕಡಿಮೆಯಾಗಬಹುದು, ಆದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ. ಅದಕ್ಕೆ ಬೇರೆ ಮೂಲ ನೋಡಬೇಕು, ಇಲ್ಲವೇ ಆರ್‌ಓ ಬೇಕು. ಆರ್‌ಓ ಉಪ್ಪು ತೆಗೆಯುತ್ತದೆ, ಆದರೆ ಬಹಳಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ. ಬಟ್ಟೆ ಒಗೆಯಲು ನಮ್ಮ ಹಿರಿಯರ ಅಂಟುವಾಳ ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ!

2016ರ ಏಪ್ರಿಲ್ 12ರಂದು ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂತು. ಮೊದಲ ದಿನ ಹತ್ತು ಟ್ಯಾಂಕರ್ ಡಬ್ಬಿ, ಸುಮಾರು ಐದು ಲಕ್ಷ ಲೀಟರ್. ಆಗ ಎಲ್ಲರೂ ನೀರು ಎಷ್ಟು ಎಂದು ಎಣಿಸಿದರು. ನೀರು ಎಂಥದ್ದು ಎಂದು ಕೇಳುವುದನ್ನು ನಾವು ಇಂದಿಗೂ ಮರೆಯುತ್ತೇವೆ. ಇಪ್ಪತ್ತು ಲೀಟರಿನ ಜಾರು ಮನೆಗೆ ಬಂದರೆ "ಫಿಲ್ಟರ್ ನೀರದ, ಛಲೋ ಅದ" ಎನ್ನುತ್ತೇವೆ. ಅದರಿಂದ ಏನು ತೆಗೆದಿದ್ದಾರೆ, ಏನು ಉಳಿದಿದೆ ಎಂದು ಎಷ್ಟು ಜನ ಕೇಳುತ್ತೇವೆ? ಓದು ಬಾರದ ಆಯಿಗೆ ತನ್ನ ಕೊಡದ ಬಾಯಿಗೆ ಬಟ್ಟೆ ಯಾಕೆ ಕಟ್ಟಬೇಕೆಂದು ಗೊತ್ತಿತ್ತು. ಓದಿದ ನಮಗೆ ನಮ್ಮ ನಳದ ನೀರಿನ ಗುಣ ಗೊತ್ತಿಲ್ಲ.

2019ರಲ್ಲಿ ಆರಂಭವಾದ ಜಲ ಜೀವನ ಮಿಶನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂಬ ನಿಯಮವಿದೆ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ಆ ಪೆಟ್ಟಿಗೆ ಎಲ್ಲಿದೆ, ಕೊನೆಗೆ ಯಾವಾಗ ತೆರೆದರು ಎಂದು ವಿಚಾರಿಸಿರಿ. ಶಿಕ್ಷಕ ಬಂಧುಗಳು ಶಾಲೆಯ ಬೋರಿನ ನೀರನ್ನೂ ಪರೀಕ್ಷಿಸಲು ಹೇಳಿರಿ, ಫಲಿತಾಂಶವನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಿರಿ. ಮಕ್ಕಳು ತಾವೇ ಓದಿ ಮನೆಗೆ ಹೇಳುತ್ತಾರೆ.

ಆ ಹುಡುಗಿಗೆ ಈಗ ಒಂದು ಕೆಲಸ ಕೊಟ್ಟಿದ್ದೇವೆ. ಆಯಿಯ ಮಾತನ್ನು ಆಯಿಯ ಬಾಯಿಯ ಕನ್ನಡದಲ್ಲಿಯೇ ವಹಿಯಲ್ಲಿ ಬರೆದುಕೊಂಡು ಬರಬೇಕು. ನಿಮ್ಮ ಊರಿನಲ್ಲಿಯೂ ಅಂಥ ಆಯಿ ಇದ್ದರೆ, ಮಕ್ಕಳಿಂದ ಬರೆಸಿರಿ.