ಹಾಲಿವುಡ್ಡಿಗೆ ಹೋದ ಸಾಬು, ಹೊಳೆಯಲ್ಲಿ ಮಿಂದ ಐರಾವತ

ಹಳೇ ಇಂಗ್ಲಿಷ್ ಸಿನಿಮಾ ನೋಡುವ ಹುಚ್ಚು ನನಗೆ ಹಿಡಿದದ್ದು 1990ರ ದಶಕದ ಕೊನೆಯಲ್ಲಿ. ಹಗಲೆಲ್ಲ ಕಾರ್ಟೂನ್ ನೆಟ್‌ವರ್ಕ್ ಆಗಿರುತ್ತಿದ್ದ ಚಾನೆಲ್ಲು ರಾತ್ರಿಯಾದರೆ ಟಿಎನ್‌ಟಿ ಆಗಿಬಿಡುತ್ತಿತ್ತು, ನೆನಪಿದೆಯಾ? ಟಾಮ್ ಅಂಡ್ ಜೆರ್ರಿ ಮುಗಿದು ಮಕ್ಕಳೆಲ್ಲ ಮಲಗಿದ ಮೇಲೆ ಕಪ್ಪುಬಿಳುಪಿನ ಸಿಂಹವೊಂದು ಘರ್ಜಿಸುತ್ತಿತ್ತು. ಅರ್ಧ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಆದರೂ ಕೂತು ನೋಡುತ್ತಿದ್ದೆ.

ನೋಡಿದ್ದಕ್ಕೆಲ್ಲ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೆ. ಸಿನಿಮಾ ಹೆಸರು, ಇಸವಿ, ನಿರ್ದೇಶಕ, ಎರಡು ಸಾಲು ವಿಮರ್ಶೆ, ಕೊನೆಗೆ ಹತ್ತಕ್ಕೆ ಇಷ್ಟು ಅಂಕ. ಕಾಸಾಬ್ಲಾಂಕಾ (1942) ಒಂಬತ್ತು. ಹೈ ನೂನ್ (1952) ಎಂಟೂವರೆ. ಪಕ್ಕಾ ಮೇಷ್ಟ್ರ ಥರ. ಆ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ, ನೋಟ್‌ಬುಕ್ ಮಾತ್ರ ನಾಲ್ಕನೆಯದು.

ಅದರ ಮೊದಲನೇ ಪುಸ್ತಕದಲ್ಲಿ ಹೀಗೊಂದು ಸಾಲಿದೆ: "ಎಲಿಫೆಂಟ್ ಬಾಯ್, 1937. ಕಾಡು ಚೆನ್ನಾಗಿದೆ. ಕಥೆ ಸುಮಾರು. ಹುಡುಗ ಮುದ್ದಾಗಿದ್ದಾನೆ. 10ಕ್ಕೆ 5."

ಈ ಐದು ಅಂಕದ ವಿಷಯವೇ ಇವತ್ತು ಬರೆಯಬೇಕಾಗಿರುವುದು.

ಈಚೆಗೆ ಒಂದು ಭಾನುವಾರ ಮರಳೂರಿನ ನಮ್ಮ ಮನೆಯಲ್ಲಿ ಅದೇ ಸಿನಿಮಾ ಮತ್ತೆ ಹಾಕಿಕೊಂಡು ಕೂತಿದ್ದೆ. ಅವ್ವ ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ನನ್ನ ಇಂಗ್ಲಿಷ್ ಸಿನಿಮಾ ಅಂದರೆ ಒಂಥರಾ ತಾತ್ಸಾರ. "ಅದೇನ್ ಬುಸುಬುಸು ಅಂತ ಮಾತಾಡ್ತವೋ" ಅನ್ನುವವಳು. ಪರದೆ ಮೇಲೆ ಹುಡುಗ ಆನೆಯನ್ನು ಹೊಳೆಗಿಳಿಸಿ ಮೈ ಉಜ್ಜುತ್ತಿದ್ದ. ಅವ್ವನ ಕೈ ನಿಂತಿತು.

"ಇದು ನಮ್ ಕೋಟೆ ಕಡೆ ಕಾಡಲ್ವೇನ್ಲಾ?"

ಅವ್ವನ ತವರು ಹೆಗ್ಗಡದೇವನಕೋಟೆ ತಾಲ್ಲೂಕು. ಕಬಿನಿ ಅಣೆಕಟ್ಟಿನ ಮುಳುಗಡೆಯಲ್ಲಿ ಹೋದ ಊರು. ಅವ್ವ ಹೇಳಿದ್ದು ಪೂರಾ ಸರಿ. ಅಷ್ಟು ವರ್ಷ ಸಿನಿಮಾ ಇತಿಹಾಸ ಓದಿಕೊಂಡು, ಇದು ಮೈಸೂರು ಸೀಮೆಯಲ್ಲಿ ತೆಗೆದದ್ದು ಅಂತ ಗೊತ್ತಿದ್ದೂ, ನಾನು ಒಂದು ಸಲವೂ ಅವಳನ್ನು ಕರೆದು ತೋರಿಸಿರಲಿಲ್ಲ!

ಸರಿ, ಆ ಸಿನಿಮಾದ ಕಥೆಗೆ ಬರೋಣ.

ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕನ್ ನಿರ್ದೇಶಕ 1922ರಲ್ಲಿ 'ನಾನೂಕ್ ಆಫ್ ದಿ ನಾರ್ತ್' ಮಾಡಿ ಸಾಕ್ಷ್ಯಚಿತ್ರದ ಪಿತಾಮಹ ಅನ್ನಿಸಿಕೊಂಡವನು. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಅವನನ್ನು 1935ರಲ್ಲಿ ಭಾರತಕ್ಕೆ ಕಳಿಸಿದ. ಕೈಯಲ್ಲಿದ್ದದ್ದು ರಡ್ಯಾರ್ಡ್ ಕಿಪ್ಲಿಂಗ್‌ನ 'ಟೂಮಾಯ್ ಆಫ್ ದಿ ಎಲಿಫೆಂಟ್ಸ್', 1894ರ 'ಜಂಗಲ್ ಬುಕ್'ನಲ್ಲಿರುವ ಕಥೆ. ಮಾವುತನ ಮಗ ಟೂಮಾಯ್‌ಗೆ ಆನೆ ಹಿಡಿಯುವ ಬೇಟೆಗಾರನಾಗುವ ಆಸೆ. ಆನೆಗಳು ಕುಣಿಯುವುದನ್ನು ಕಂಡ ದಿನ ಆಗುವೆಯಂತೆ ಅಂತ ದೊಡ್ಡವರು ನಗುತ್ತಾರೆ, ಅಂದರೆ ಯಾವತ್ತೂ ಇಲ್ಲ ಅಂತ. ಹುಡುಗ ಕೊನೆಗೆ ಅದನ್ನು ಕಂಡೇಬಿಡುತ್ತಾನೆ. ಇಷ್ಟೇ ಕಥೆ.

ಆನೆ ಬೇಕು, ಕಾಡು ಬೇಕು ಅಂದರೆ ಆಗ ಮೈಸೂರು ಸಂಸ್ಥಾನಕ್ಕಿಂತ ಒಳ್ಳೆಯ ಜಾಗ ಎಲ್ಲಿತ್ತು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಫ್ಲಾಹರ್ಟಿ ಕುಟುಂಬಕ್ಕೆ ಮೈಸೂರಿನ ಚಿತ್ತರಂಜನ್ ಮಹಲ್ ಬಿಟ್ಟುಕೊಟ್ಟರು. ಮುಂದೆ ಪ್ರೀಮಿಯರ್ ಸ್ಟುಡಿಯೋ ಆಯಿತಲ್ಲ, ಅದೇ ಜಾಗ. ನಮ್ಮ ಎಷ್ಟೋ ಕನ್ನಡ ಸಿನಿಮಾಗಳು ಹುಟ್ಟಿದ ಅಂಗಳದಲ್ಲಿ ಅದಕ್ಕೂ ಮೊದಲೇ ಒಬ್ಬ ಅಮೆರಿಕನ್ ರೀಲು ಸುತ್ತುತ್ತಿದ್ದ. ಹೆಂಡತಿ ಫ್ರಾನ್ಸಿಸ್ ಅಲ್ಲಿಂದ ಬರೆದ ಕಾಗದಗಳೇ 'ಎಲಿಫೆಂಟ್ ಡಾನ್ಸ್' (1937) ಎಂಬ ಪುಸ್ತಕವಾದವು.

ಮುಖ್ಯ ಪಾತ್ರಕ್ಕೆ ಸಿಕ್ಕವನು ಮಹಾರಾಜರ ಆನೆ ಲಾಯದಲ್ಲಿ ಬೆಳೆದ ಹುಡುಗ ಸಾಬು. ಹುಟ್ಟಿದ್ದು 1924ರಲ್ಲಿ, ಕಬಿನಿ ದಡದ ಕಾರಾಪುರದಲ್ಲಿ. ಅಪ್ಪ ಮಾವುತ. ಅಪ್ಪ ಅಮ್ಮ ಇಬ್ಬರನ್ನೂ ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ. ಅವನನ್ನು ಮೊದಲು ಗುರುತಿಸಿದ್ದು ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್. ಕಾಲಾನಾಗ್ ಎಂಬ ಆನೆಯ ಪಾತ್ರ ಮಾಡಿದವನು ನಮ್ಮ ಐರಾವತ. ದಸರಾ ಅಂಬಾರಿ ಹೊತ್ತ ಆನೆಗಳ ಹೆಸರು ಹೇಳುವಾಗ ಮೈಸೂರಿನವರು ಇವತ್ತಿಗೂ ಅವನ ಹೆಸರು ಬಿಡುವುದಿಲ್ಲ.

ಫ್ಲಾಹರ್ಟಿಯದು ನಿಧಾನದ ಕೆಲಸ. ಮಳೆ, ಹೊಳೆ, ಆನೆ, ಮರ ಅಂತ ತೆಗೆಯುತ್ತಲೇ ಇದ್ದ. ಲಂಡನ್ನಿನಲ್ಲಿ ಕೋರ್ಡಾಗೆ ತಾಳ್ಮೆ ಕೆಟ್ಟಿತು. 1936ರಲ್ಲಿ ಎಲ್ಲರನ್ನೂ ವಾಪಸ್ ಕರೆಸಿಕೊಂಡ. ಸಾಬು ಅಣ್ಣನ ಜೊತೆ ಹಡಗು ಹತ್ತಿದ. ಉಳಿದ ದೃಶ್ಯಗಳನ್ನು ಕೋರ್ಡಾನ ತಮ್ಮ ಜೋಲ್ಟಾನ್ ಕೋರ್ಡಾ ಇಂಗ್ಲೆಂಡಿನ ಡೆನ್ಹಮ್ ಸ್ಟುಡಿಯೋದಲ್ಲಿ ತೆಗೆದ. ಹೀಗೆ ಒಂದೇ ಸಿನಿಮಾದಲ್ಲಿ ಎರಡು ಸಿನಿಮಾ. ವೆನಿಸ್ ಚಿತ್ರೋತ್ಸವದಲ್ಲಿ 1937ರ ಅತ್ಯುತ್ತಮ ನಿರ್ದೇಶನದ ಪ್ರಶಸ್ತಿಯೂ ಇಬ್ಬರಿಗೂ ಸೇರಿಯೇ ಬಂತು. (ಇದು ಬ್ರಿಟಿಷ್ ಸಿನಿಮಾ, ಹಾಲಿವುಡ್ ಹೇಗಾಗುತ್ತೆ ಅಂತ ಬಲ್ಲವರು ತಕರಾರು ತೆಗೆಯಬಹುದು. ನಿಜವೇ. ಆದರೆ ಹುಡುಗ ಹಾಲಿವುಡ್ಡಿಗೆ ಹೋದದ್ದು ಈ ದಾರಿಯಲ್ಲೇ.)

ಈ ಬೆಸುಗೆಯನ್ನು ಹುಡುಕುತ್ತಾ ನೋಡುವುದು ನನ್ನಂಥವರಿಗೆ ದೊಡ್ಡ ಮಜಾ. ಬೆಳಕು ಸ್ವಲ್ಪ ಮಂಕಾಗಿ, ಮರದ ಎಲೆ ಅಲ್ಲಾಡದೆ ನಿಂತರೆ, ಅದು ಡೆನ್ಹಮ್. ಕಂದು ಬಣ್ಣ ಬಳಿದುಕೊಂಡ ಇಂಗ್ಲಿಷ್ ನಟರು ಮಾವುತರಾಗಿ ಬಂದರೆ, ಡೆನ್ಹಮ್. ಟೂಮಾಯ್‌ನ ಅಪ್ಪನೂ ಇಂಗ್ಲಿಷಿನವನೇ! ಆನೆಗಳ ಕುಣಿತದಲ್ಲಿ ನೆಲ ಗುದ್ದುವ ಕೆಲವು ಕಾಲುಗಳು ಸ್ಟುಡಿಯೋದಲ್ಲಿ ಮಾಡಿಸಿದವು. ಆದರೆ ಹೊಳೆಯಲ್ಲಿ ಐರಾವತ ಮಗ್ಗುಲಾಗಿ ಮಲಗಿದಾಗ, ಅವನ ಮೇಲೆ ಸಾಬು ಕೋತಿಯ ಹಾಗೆ ಹತ್ತಿಳಿಯುವಾಗ, ಅಲ್ಲಿ ನಟನೆಯೇ ಇಲ್ಲ. ಅದು ಅವನ ದಿನದ ಕೆಲಸ.

ಮುಂದಿನದು ಕಾಲ್ಪನಿಕ ಕಥೆಯ ಹಾಗಿದೆ. 'ದಿ ಡ್ರಮ್' (1938). ಆಮೇಲೆ 'ದಿ ಥೀಫ್ ಆಫ್ ಬಾಗ್ದಾದ್' (1940), ಅರ್ಧಕ್ಕೇ ಯುದ್ಧ ಶುರುವಾಗಿ ಚಿತ್ರೀಕರಣ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಯಿತು. ಸಾಬುವೂ ಹೋದ, ಅಲ್ಲೇ ನಿಂತ. ಮೂರು ಆಸ್ಕರ್ ಗೆದ್ದ ಸಿನಿಮಾ ಅದು. ನನ್ನ ನೋಟ್‌ಬುಕ್ಕಿನಲ್ಲಿ ಒಂಬತ್ತೂವರೆ, ಕಮ್ಮಿ ಮಾಡುವ ಮಾತೇ ಇಲ್ಲ. ಆಕಾಶ ಮುಟ್ಟುವ ಜಿನ್ನಿಯನ್ನು ಮಾತಿನಲ್ಲೇ ಸೀಸೆಯೊಳಗೆ ಇಳಿಸುವ ಆ ಕಳ್ಳ ಹುಡುಗನ ಕಣ್ಣಿನ ಹೊಳಪು ನೋಡಬೇಕು! 1942ರಲ್ಲಿ 'ಜಂಗಲ್ ಬುಕ್', ಮೌಗ್ಲಿಯಾಗಿ. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಾಡಿನಲ್ಲಿ ಕಾರಾಪುರದ ಹುಡುಗ ಮಧ್ಯಪ್ರಾಂತ್ಯದ ಮೌಗ್ಲಿಯಾದ. ಊರಿನ ಬೇಟೆಗಾರ ಬಲ್ದೇವನಾದವನು ಮಾಲ್ಟಾದ ನಟ ಜೋಸೆಫ್ ಕಲೀಯಾ.

ಅವನ ಸಿನಿಮಾಗಳನ್ನು ಒಂದರ ಹಿಂದೊಂದು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬಿಡಿಬಿಡಿಯಾಗಿ ನೋಡಿ ಅಂಕ ಕೊಡುತ್ತಿದ್ದಾಗ ನನಗಿದು ಹೊಳೆದಿರಲೇ ಇಲ್ಲ. ಥೀಫ್ ಆಫ್ ಬಾಗ್ದಾದ್‌ನಲ್ಲಿ ಎಲ್ಲ ಸಾಹಸ ಮಾಡುವವನು ಸಾಬು, ರಾಜಕುಮಾರಿ ಸಿಗುವುದು ಇಂಗ್ಲಿಷ್ ನಟ ಜಾನ್ ಜಸ್ಟಿನ್‌ಗೆ. ಸಾಬು ಹಾರುವ ಚಾಪೆ ಹತ್ತಿ ಹೊರಟುಹೋಗುತ್ತಾನೆ. 'ಅರೇಬಿಯನ್ ನೈಟ್ಸ್' (1942), 'ವೈಟ್ ಸ್ಯಾವೇಜ್' (1943), 'ಕೋಬ್ರಾ ವುಮನ್' (1944), ಮೂರರಲ್ಲೂ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್, ಸಾಬು ಜೊತೆಗಾರ. ಇಪ್ಪತ್ತು ವರ್ಷ ತುಂಬಿದರೂ ಅವನು ಹುಡುಗನೇ. ಮೀಸೆ ಬರುವ ವಯಸ್ಸಿನ ಭಾರತೀಯ ಗಂಡಸಿಗೆ ಏನು ಪಾತ್ರ ಕೊಡಬೇಕು ಅಂತ ಆ ಸ್ಟುಡಿಯೋಗಳಿಗೆ ಗೊತ್ತಿರಲಿಲ್ಲ.

ಸಿನಿಮಾದ ಹೊರಗೆ ಅವನು ಗಂಡಸಾಗಿಯೇ ಬದುಕಿದ. 1944ರಲ್ಲಿ ಅಮೆರಿಕದ ಪೌರನಾದ. ಭಾರತೀಯರಿಗೆಲ್ಲ ಪೌರತ್ವದ ಬಾಗಿಲು ತೆರೆದ ಕಾನೂನು ಬಂದದ್ದು 1946ರಲ್ಲಿ, ಅನ್ನುವುದು ನೆನಪಿರಲಿ. ವಾಯುಪಡೆ ಸೇರಿ ಪೆಸಿಫಿಕ್ ರಣರಂಗದಲ್ಲಿ ಬಿ-24 ಬಾಂಬರ್ ವಿಮಾನಗಳಲ್ಲಿ ಗನ್ನರ್ ಆಗಿ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಬಂತು. ವಾಪಸ್ ಬಂದಾಗ ಕಾಲ ಬದಲಾಗಿತ್ತು. 'ಬ್ಲಾಕ್ ನಾರ್ಸಿಸಸ್' (1947) ಒಂದು ಅದ್ಭುತ. ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಗಾಜಿನ ಮೇಲೆ ಬರೆದ ಹಿಮಾಲಯ, ಅದಕ್ಕೆ ಎರಡು ಆಸ್ಕರ್. ಅಲ್ಲೂ ಅವನ ಜೋಡಿಯಾದ ಭಾರತೀಯ ಹುಡುಗಿ ಕಂದು ಬಣ್ಣ ಬಳಿದುಕೊಂಡ ಜೀನ್ ಸಿಮನ್ಸ್! ಆಮೇಲೆ ಸಿಕ್ಕಿದ್ದೆಲ್ಲ ಸಣ್ಣಪುಟ್ಟ ಕಾಡಿನ ಚಿತ್ರಗಳು.

ಮೆಹಬೂಬ್ ಖಾನ್ 'ಮದರ್ ಇಂಡಿಯಾ'ದ (1957) ಬಿರ್ಜು ಪಾತ್ರಕ್ಕೆ ಮೊದಲು ಯೋಚಿಸಿದ್ದು ಸಾಬುವನ್ನೇ. ಆದರೆ ಅವನೀಗ ಅಮೆರಿಕದ ಪ್ರಜೆ, ಇಲ್ಲಿ ಕೆಲಸ ಮಾಡಲು ಪರವಾನಗಿ ಸಿಗಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯಿತು. ಅಲ್ಲಿ ಭಾರತದವನೆಂದು ಬರೀ ಹುಡುಗನ ಪಾತ್ರ, ಇಲ್ಲಿ ಅಮೆರಿಕದವನೆಂದು ಪಾತ್ರವೇ ಇಲ್ಲ. 1963ರ ಡಿಸೆಂಬರ್ 2ರಂದು ಹೃದಯಾಘಾತವಾಗಿ ತೀರಿಕೊಂಡಾಗ ಮೂವತ್ತೊಂಬತ್ತು ವರ್ಷ. ಕೊನೆಯ ಸಿನಿಮಾ 'ಎ ಟೈಗರ್ ವಾಕ್ಸ್' ಬಿಡುಗಡೆಯಾದದ್ದು ಮರುವರ್ಷ.

ಇದನ್ನೆಲ್ಲ ನಾನು ಅವ್ವನಿಗೆ ಹೇಳುತ್ತಾ ಹೋದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಅಷ್ಟರಲ್ಲಿ ಪರದೆಯ ಮೇಲೆ ಕಾಡಾನೆಗಳ ಹಿಂಡು ಬಂತು. ಫ್ಲಾಹರ್ಟಿ ತೆಗೆದ ಖೆಡ್ಡಾ.

ಕಾಕನಕೋಟೆ ಅಂದರೆ ನಮಗೆ ಮಾಸ್ತಿಯವರ ನಾಟಕ, ಸಿ.ಆರ್. ಸಿಂಹ ಅವರ 1977ರ ಸಿನಿಮಾ. ಕೋಟೆ ತಾಲ್ಲೂಕಿನ ಹಳಬರಿಗೆ ಕಾಕನಕೋಟೆ ಅಂದರೆ ಖೆಡ್ಡಾ. ಜೇನುಕುರುಬರು ಜಾಡು ಹಿಡಿಯುತ್ತಿದ್ದರು. ತಮಟೆ, ಪಂಜು, ಕೂಗಾಟದಲ್ಲಿ ಹಿಂಡನ್ನು ಹೊಳೆ ಕಡೆ ಅಟ್ಟಿ, ದಿಮ್ಮಿಗಳ ಆವರಣಕ್ಕೆ ನೂಕುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು, ಹಿನ್ನೀರು ಏರಿ, ಆ ಕಾಡಿನ ದೊಡ್ಡ ಭಾಗವೂ ಹಳ್ಳಿಗಳೂ ನೀರಿನೊಳಗೆ ಹೋದವು. ಈಗ ಬೇಸಿಗೆಯಲ್ಲಿ ನೀರು ಇಳಿದಾಗ ಪ್ರವಾಸಿಗರು ಆನೆ ನೋಡಲು ಹೋಗುವ ಹುಲ್ಲುಬಯಲು ಅದೇ.

"ನಮ್ಮಪ್ಪ ಹೆಗಲ ಮೇಲೆ ಕೂರುಸ್ಕಂಡು ಕರ್ಕಂಡೋಗಿದ್ದ" ಅಂದಳು ಅವ್ವ. "ಜನ ಸಿಳ್ಳೆ ಹೊಡೀತಿದ್ರು. ಒಂದು ಮರಿ ಅವ್ವನ ಹೊಟ್ಟೆ ಕೆಳಗೆ ನುಗ್ತಿತ್ತು. ಹಗ್ಗ ಹಾಕಿ ಎಳುದ್ರು. ಅದು ಕೂಗಿದ್ದು... ಮೂರು ದಿನ ಉಣ್ಣಕ್ಕಾಗ್ಲಿಲ್ಲ ಕಣ್ಲಾ."

ನಾನು ಆ ದೃಶ್ಯಕ್ಕೆ "ಚಿತ್ರೀಕರಣ ರೋಮಾಂಚಕ" ಅಂತ ಪುಸ್ತಕದಲ್ಲಿ ಬರೆದುಕೊಂಡಿದ್ದೆ.

ಹಾಗಂತ ಹಳೇ ಸಿನಿಮಾ ನೋಡುವುದನ್ನು ಬಿಡಬೇಕು ಅಂತ ನನಗನ್ನಿಸಲಿಲ್ಲ. ಅವ್ವನೂ ಎದ್ದು ಹೋಗಲಿಲ್ಲ. ಅವಳ ತವರಿನ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಆಗ ಯಾರ ಹತ್ತಿರ ಕ್ಯಾಮೆರಾ ಇತ್ತು? ಆ ಸೀಮೆಯ ಹೊಳೆ ಅಣೆಕಟ್ಟಿಲ್ಲದೆ ಹರಿಯುವುದನ್ನು ಅವಳು ಮತ್ತೆ ನೋಡಿದ್ದು ಈ ಸಿನಿಮಾದಲ್ಲೇ. ಕಿಪ್ಲಿಂಗ್‌ನ ಕಥೆ, ಕೋರ್ಡಾನ ದುಡ್ಡು, ಬಣ್ಣ ಬಳಿದ ಇಂಗ್ಲಿಷರು, ಎಲ್ಲದರ ನಡುವೆ ಹತ್ತಿಪ್ಪತ್ತು ನಿಮಿಷ ನಮ್ಮ ಹೊಳೆ, ನಮ್ಮ ಆನೆ, ನಮ್ಮ ಹುಡುಗ ಸುಮ್ಮನೆ ಇದ್ದುಬಿಟ್ಟಿದ್ದಾರೆ. ಅವರು ಯಾರು, ಎಲ್ಲಿಯವರು ಅಂತ ಹೇಳುವ ವಿಮರ್ಶೆ ಲಂಡನ್ನಿನವನು ಬರೆಯಲಾರ. ನಾವೇ ಬರೆಯಬೇಕು.

ನೋಟ್‌ಬುಕ್ ತೆಗೆದು ಐದನ್ನು ಹೊಡೆದುಹಾಕಿದೆ. ಹೊಸ ಅಂಕ ಇನ್ನೂ ಬರೆದಿಲ್ಲ, ಎಷ್ಟು ಅಂತ ತೋಚುತ್ತಿಲ್ಲ.

'ಜಂಗಲ್ ಬುಕ್' (1942) ಅಮೆರಿಕದಲ್ಲಿ ಕೃತಿಸ್ವಾಮ್ಯವಿಲ್ಲದ ಸಿನಿಮಾ, ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಅದರಿಂದ ಶುರುಮಾಡಿ. ಆಮೇಲೆ ಎಲಿಫೆಂಟ್ ಬಾಯ್ ಹುಡುಕಿ ನೋಡಿ. ಮನೆಯಲ್ಲಿ ಮೈಸೂರು ಕಡೆಯ ಹಿರಿಯರಿದ್ದರೆ ಒಬ್ಬರೇ ಕೂತು ನೋಡಬೇಡಿ, ಅವರನ್ನೂ ಕರೆಯಿರಿ.

ನಮ್ಮನೆಯಲ್ಲಿ ಅವತ್ತು ಸಿನಿಮಾ ಮುಗಿದಾಗ ಅವರೆಕಾಯಿ ಅರ್ಧವೂ ಸುಲಿದಿರಲಿಲ್ಲ. ಅವ್ವ ಮೊರ ಪಕ್ಕಕ್ಕಿಟ್ಟು ಅಂದಳು:

"ಆ ಆನೆ ಮೀಯದು ಇನ್ನೊಂದ್ಸಲ ಹಾಕ್ಲಾ."