ತಡೆದು ಬಿಡುವ ಲೆಕ್ಕ

ಭಾಂಡುಪ್ ಸ್ಟೇಷನ್ನಿನಲ್ಲಿ ಹೆಚ್ಚಿನ ಫಾಸ್ಟ್ ಲೋಕಲ್‌ಗಳು ನಿಲ್ಲುವುದಿಲ್ಲ. ಹದಿನೆಂಟು ವರ್ಷಗಳಿಂದ ಇಲ್ಲಿ ಸ್ಲೋ ಗಾಡಿಗೆ ಕಾಯುತ್ತ, ಪಕ್ಕದ ಹಳಿಯ ಮೇಲೆ ಧಡಧಡನೆ ಹೋಗುವ ಫಾಸ್ಟ್ ಗಾಡಿಯ ಗಾಳಿಯನ್ನು ಮುಖಕ್ಕೆ ಹೊಡೆಸಿಕೊಂಡವನು ನಾನು. ನಮ್ಮ ಉಪನಗರವನ್ನು ಯಾರೂ ಚರಿತ್ರೆಯ ಜಾಗ ಎನ್ನುವುದಿಲ್ಲ. ಆದರೆ ಭಾರತದ ರೈಲ್ವೆಯ ಕತೆ ಹೇಳುವವರು ಭಾಂಡುಪ್ ಹೆಸರನ್ನು ಮೊದಲಿಗೇ ತೆಗೆಯುತ್ತಾರೆ. ಬೊಂಬಾಯಿ ಸರಕಾರದ ಮುಖ್ಯ ಇಂಜಿನಿಯರ್ ಜಾರ್ಜ್ ಕ್ಲಾರ್ಕ್ 1843ರಲ್ಲಿ ಭಾಂಡುಪಿಗೆ ಬಂದಿದ್ದಾಗ, ಬೊಂಬಾಯಿಯನ್ನು ಠಾಣೆ, ಕಲ್ಯಾಣ ಮತ್ತು ಘಟ್ಟಗಳಿಗೆ ಜೋಡಿಸುವ ರೈಲಿನ ಯೋಚನೆ ಅವನಿಗೆ ಹೊಳೆಯಿತಂತೆ. ಹತ್ತು ವರ್ಷಗಳ ಬಳಿಕ, 1853ರ ಏಪ್ರಿಲ್ 16ರಂದು, 14 ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳನ್ನು ಹೊತ್ತ ಗಾಡಿ ಬೋರಿ ಬಂದರಿನಿಂದ 34 ಕಿಲೋಮೀಟರ್ ದೂರದ ಠಾಣೆಗೆ ಹೋಯಿತು.

ವೇಗ ಬಂತು, ಅದರ ಹಿಂದೆಯೇ ಗಡಿಯಾರದ ಜಗಳವೂ ಬಂತು. ರೈಲ್ವೆಯವರು ಮದರಾಸಿನ ಸಮಯ ಹಿಡಿದರು, ಊರಿನವರು ಬೊಂಬಾಯಿ ಸಮಯ ಬಿಡಲಿಲ್ಲ. 1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂತು. ಅದಕ್ಕಿಂತ 39 ನಿಮಿಷ ಹಿಂದಿದ್ದ ಬೊಂಬಾಯಿ ಸಮಯವನ್ನು ಈ ನಗರ ಪೂರ್ತಿಯಾಗಿ ಕೈಬಿಟ್ಟದ್ದು 1955ರಲ್ಲಿ. ಒಂದೇ ಹಳಿಯನ್ನು ಹಲವರು ಹಂಚಿಕೊಳ್ಳುವಾಗ ಎಷ್ಟು ಬೇಗ ಓಡುತ್ತೀರಿ ಎನ್ನುವುದಕ್ಕಿಂತ ಯಾವ ಗಳಿಗೆಗೆ ಹೊರಡುತ್ತೀರಿ ಎನ್ನುವುದು ದೊಡ್ಡ ಪ್ರಶ್ನೆಯಾಗುತ್ತದೆ. ನಾನು ಅನ್ನ ತಿನ್ನುವ ಕಂಪ್ಯೂಟರ್ ಕಸುಬಿನಲ್ಲೂ ಇದೇ ಪಾಠವನ್ನು ಕಲಿಯಲು ಮೂವತ್ತು ವರ್ಷ ಬೇಕಾಯಿತು. ಆ ಕತೆಯನ್ನು ಹೇಳುವುದಕ್ಕೆ ನನಗೆ ಒಂದು ಸ್ವಂತ ಕಾರಣವೂ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ವಿಷಯ ಏನೆಂದು ನೋಡೋಣ. ನೀವು ಮೊಬೈಲಿನಲ್ಲಿ ಸಿನಿಮಾ ನೋಡುವಾಗ ಅದು ಇಡಿಯಾಗಿ ಬರುವುದಿಲ್ಲ. ಸುಮಾರು 1500 ಬೈಟ್‌ಗಳ ಪೊಟ್ಟಣಗಳಾಗಿ ಬರುತ್ತದೆ. ಇವೇ ಪ್ಯಾಕೆಟ್‌ಗಳು. ಕಳಿಸುವ ಸರ್ವರಿನ ತಂತಿ ಸೆಕೆಂಡಿಗೆ 10 ಗಿಗಾಬಿಟ್‌ನದಾದರೆ ಒಂದು ಪ್ಯಾಕೆಟ್ ಹೊರಬೀಳಲು 1.2 ಮೈಕ್ರೋಸೆಕೆಂಡ್ ಸಾಕು. ನಿಮ್ಮ ಮನೆಗೆ ಬರುವ ತಂತಿಯ ಸಾಮರ್ಥ್ಯ 20 ಮೆಗಾಬಿಟ್ ಆಗಿದ್ದರೆ ಅದೇ ಪ್ಯಾಕೆಟ್ ದಾಟಲು 600 ಮೈಕ್ರೋಸೆಕೆಂಡ್ ಬೇಕು. ಸರ್ವರ್ ನಲವತ್ತು ಪ್ಯಾಕೆಟ್‌ಗಳನ್ನು ಒಟ್ಟಿಗೆ ಎಸೆದರೆ ನಡುವೆ ಎಲ್ಲೋ ಒಂದು ರೂಟರಿನ ಬಾಗಿಲಲ್ಲಿ ಅವು ಸಾಲು ನಿಲ್ಲಬೇಕು. ಜಾಗ ಮುಗಿದರೆ ಕೊನೆಯವು ಬಿದ್ದುಹೋಗುತ್ತವೆ. ಬಿದ್ದದ್ದನ್ನು ಮತ್ತೆ ಕಳಿಸಬೇಕು. ಅಷ್ಟರಲ್ಲಿ ನಿಮ್ಮ ನಾಯಕ ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತಿರುತ್ತಾನೆ. ಹಾಗಾಗದಂತೆ ಪ್ಯಾಕೆಟ್‌ಗಳ ನಡುವೆ ಅಂತರ ಇಟ್ಟು, ತಡೆದು ತಡೆದು ಬಿಡುವುದಕ್ಕೆ ಪೇಸಿಂಗ್ ಎನ್ನುತ್ತಾರೆ.

ಇದನ್ನು ನಾನು ಸುರತ್ಕಲ್ಲಿನ ಎಂಟೆಕ್ ತರಗತಿಗಿಂತ ಮೊದಲೇ ಭಾಂಡುಪಿನಲ್ಲಿ ನೋಡಿದ್ದೆ, ಗುರುತು ಹಿಡಿದಿರಲಿಲ್ಲ ಅಷ್ಟೆ. ನನ್ನ ಸೋದರಮಾವ ಇಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ರಜೆಯಲ್ಲಿ ಬಂದಾಗ ಆರ್ಡರಿನ ಚೀಟಿಗಳನ್ನು ಅಡುಗೆಮನೆಗೆ ಮುಟ್ಟಿಸುವ ಕೆಲಸ ನನ್ನದು. ಸಂಜೆ ಒಂದು ಲೋಕಲ್ ಖಾಲಿಯಾದ ಕೂಡಲೇ ಹದಿನೈದು ದೋಸೆಯ ಚೀಟಿ ಒಟ್ಟಿಗೆ ಬರುತ್ತಿತ್ತು. ನಾನು ಹದಿನೈದನ್ನೂ ಹಿಡಿದು ಓಡುತ್ತಿದ್ದೆ. ಒಳಗೆ ಭಟ್ಟರು ಯಾವುದು ಮೊದಲು ಯಾವುದು ಆಮೇಲೆ ಎಂದು ತಿಳಿಯದೆ ನಾಲ್ಕು ದೋಸೆ ಕರಕಲು ಮಾಡಿದ ದಿನ ಮಾವ ಹೇಳಿದ್ದರು: "ಎಂತ ಅವಸರ ಮಾರಾಯ? ಕಾವಲಿಯಲ್ಲಿ ಆರಕ್ಕೆ ಮಾತ್ರ ಜಾಗ ಉಂಟು. ಆರು ಕೊಡು, ಅದು ಏಳುವಾಗ ಮತ್ತೆ ಆರು ಕೊಡು."

ಈಗ ಚರಿತ್ರೆಗೆ ಬರೋಣ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲೇ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಕುಸಿದುಬಿತ್ತು. ದೂರ ಸುಮಾರು 400 ಗಜ, ನಮ್ಮ 15 ಡಬ್ಬಿಯ ಲೋಕಲಿನ ಉದ್ದಕ್ಕಿಂತ ತುಸು ಹೆಚ್ಚು. ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದಲ್ಲಿ 40 ಬಿಟ್ ಹೋಗತೊಡಗಿತು. ತಂತಿ ಹಾಳಾಗಿರಲಿಲ್ಲ. ಪ್ರತಿ ಕಂಪ್ಯೂಟರೂ ಬಿದ್ದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ನುಗ್ಗಿಸುತ್ತಿತ್ತು, ದಾರಿ ಅದರಿಂದಲೇ ಕಟ್ಟಿತ್ತು. ವ್ಯಾನ್ ಜೇಕಬ್ಸನ್ ಇದರ ಬೆನ್ನುಹತ್ತಿ 1988ರಲ್ಲಿ ಪ್ರಕಟಿಸಿದ ಪರಿಹಾರ ಇಂದಿಗೂ ಇಂಟರ್‌ನೆಟ್ಟಿನ ತಳಪಾಯದಲ್ಲಿದೆ. ಒಂದು ಪ್ಯಾಕೆಟ್ ತಲುಪಿತೆಂಬ ರಸೀದಿ ವಾಪಸು ಬಂದಾಗಲೇ ಇನ್ನೊಂದನ್ನು ಬಿಡು ಎನ್ನುವುದು ಅದರ ತಿರುಳು. ರಸೀದಿಯೇ ಗಡಿಯಾರ. ಮಾವನ ಮಾತಿನಲ್ಲಿ ಹೇಳುವುದಾದರೆ, ದೋಸೆ ಎದ್ದಾಗ ಚೀಟಿ.

ಆದರೆ ರಸೀದಿಗಳೂ ದಾರಿಯಲ್ಲಿ ಸಾಲು ನಿಂತು ಗುಂಪಾಗಿ ಬಂದರೆ? ಗುಂಪು ರಸೀದಿಗೆ ಗುಂಪು ಪ್ಯಾಕೆಟ್ಟೇ ಹೊರಡುತ್ತದೆ. ಲಿಕ್ಸಿಯಾ ಝಾಂಗ್, ಸ್ಕಾಟ್ ಶೆಂಕರ್, ಡೇವಿಡ್ ಕ್ಲಾರ್ಕ್ 1991ರಲ್ಲಿ ಇದನ್ನು ತೋರಿಸಿದರು. ಹಾಗಾದರೆ ಕಳಿಸುವವನ ಕೈಯಲ್ಲಿ ಸ್ವಂತ ಗಡಿಯಾರ ಬೇಕು. ಅಲ್ಲಿಯೇ ತೊಡಕು. ಆಗಿನ ಕಂಪ್ಯೂಟರಿನ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಒಳತಿರುಳು, ಸಾಮಾನ್ಯವಾಗಿ ಸೆಕೆಂಡಿಗೆ 100 ಸಲ ಮಾತ್ರ ಗಡಿಯಾರ ನೋಡುತ್ತಿತ್ತು. ಎರಡು ನೋಟಗಳ ನಡುವೆ 10 ಮಿಲಿಸೆಕೆಂಡ್. ನಮ್ಮ 20 ಮೆಗಾಬಿಟ್ ಉದಾಹರಣೆಯಲ್ಲಿ ಅಷ್ಟು ಹೊತ್ತಿಗೆ ಹದಿನಾರು ಪ್ಯಾಕೆಟ್ ಹೋಗಬೇಕು. ಹತ್ತು ಮಿಲಿಸೆಕೆಂಡಿಗೊಮ್ಮೆ ಎಚ್ಚರವಾಗುವವನು ಹದಿನಾರನ್ನೂ ಒಟ್ಟಿಗೇ ಎಸೆಯುತ್ತಾನೆ. ಹೆಚ್ಚು ಸಲ ಎಚ್ಚರಿಸಿದರೆ ಎಚ್ಚರಗೊಳ್ಳುವುದರಲ್ಲೇ ಪ್ರೊಸೆಸರಿನ ಹೊತ್ತೆಲ್ಲ ಕಳೆಯುತ್ತದೆ.

ಈ ತೊಡಕಿನ ಅರ್ಧ ಉತ್ತರ ನಮ್ಮ ನೆರೆಮನೆಯವರಿಂದ ಬಂದಿತ್ತು ಎನ್ನಬಹುದು. ಭಾಂಡುಪಿನ ಮುಂದಿನ ಸ್ಟೇಷನ್ ಕಾಂಜೂರ್‌ಮಾರ್ಗ್. ಅಲ್ಲಿಂದ ರಿಕ್ಷಾ ಹಿಡಿದರೆ ಪೊವಾಯಿಯ ಐಐಟಿ. ಅಲ್ಲಿ 1981ರಲ್ಲಿ ಬಿಟೆಕ್ ಮುಗಿಸಿದ ಜಾರ್ಜ್ ವರ್ಗೀಸ್, ಅಮೆರಿಕದ ಡಿಇಸಿ ಕಂಪನಿಯಲ್ಲಿದ್ದಾಗ ಟೋನಿ ಲಾಕ್ ಜೊತೆ 1987ರಲ್ಲಿ ಟೈಮಿಂಗ್ ವೀಲ್ ಎಂಬ ಪ್ರಬಂಧ ಮಂಡಿಸಿದರು. ಅದಕ್ಕೆ ಮುಂಚೆ ಕರ್ನಲ್ ತಾನು ಮಾಡಬೇಕಾದ ಕೆಲಸಗಳನ್ನು ಹೊತ್ತಿನ ಕ್ರಮದಲ್ಲಿ ಒಂದು ಪಟ್ಟಿಯಾಗಿ ಇಡುತ್ತಿತ್ತು. ಹೊಸದೊಂದು ಬಂದರೆ ಪಟ್ಟಿಯ ಮೊದಲಿಂದ ಹುಡುಕಿ ಜಾಗ ಮಾಡಬೇಕು. ಹತ್ತು ಸಾವಿರ ಕೆಲಸಗಳಿದ್ದರೆ ಹುಡುಕಾಟವೇ ದೊಡ್ಡ ಕೆಲಸ. ವರ್ಗೀಸ್ ಮತ್ತು ಲಾಕ್ ಪಟ್ಟಿಯನ್ನು ಬಗ್ಗಿಸಿ ಗಡಿಯಾರದ ಮುಖದ ಹಾಗೆ ಚಕ್ರ ಮಾಡಿದರು. ಚಕ್ರದ ತುಂಬ ಮನೆಗಳು, ಒಂದು ಮುಳ್ಳು. ಏಳು ಗಳಿಗೆ ಕಳೆದು ಮಾಡುವ ಕೆಲಸವನ್ನು ಈಗಿನ ಮನೆಯಿಂದ ಏಳನೆಯ ಮನೆಯಲ್ಲಿ ಹಾಕು. ಮುಳ್ಳು ಬಂದಾಗ ಆ ಮನೆಯಲ್ಲಿದ್ದುದನ್ನೆಲ್ಲ ಮಾಡಿ ಮುಗಿಸು. ಹುಡುಕಾಟವೇ ಇಲ್ಲ. ಹತ್ತು ಕೆಲಸಕ್ಕೂ ಹತ್ತು ಲಕ್ಷ ಕೆಲಸಕ್ಕೂ ಹಾಕುವ ಶ್ರಮ ಒಂದೇ.

ಇನ್ನರ್ಧ, ಪದೇ ಪದೇ ಎಚ್ಚರಗೊಳ್ಳುವ ಖರ್ಚು. ಅದಕ್ಕೆ 1999ರಲ್ಲಿ ರೈಸ್ ವಿಶ್ವವಿದ್ಯಾಲಯದ ಮೋಹಿತ್ ಅರೋನ್ ಮತ್ತು ಪೀಟರ್ ಡ್ರೂಷೆಲ್ ಒಂದು ಉಪಾಯ ಹೇಳಿದರು. ಬೇರೆ ಯಾವುದೋ ಕೆಲಸಕ್ಕೆ ಕರ್ನಲ್ ಹೇಗೂ ಮತ್ತೆ ಮತ್ತೆ ಎಚ್ಚರವಾಗಿಯೇ ಇರುತ್ತದೆ. ಆ ಕೆಲಸ ಮುಗಿಸಿ ಹೊರಡುವಾಗ ಒಮ್ಮೆ ಗಡಿಯಾರದತ್ತ ಕಣ್ಣು ಹಾಯಿಸಿದರಾಯಿತು, ಬೇರೆ ಅಲಾರಂ ಯಾಕೆ? ಅವರು ಕೊಟ್ಟ ಉದಾಹರಣೆಗಳಲ್ಲಿ ಪ್ಯಾಕೆಟ್‌ಗಳನ್ನು ಅಂತರವಿಟ್ಟು ಬಿಡುವುದೂ ಒಂದಾಗಿತ್ತು.

ಇಷ್ಟಾದ ಮೇಲೆ ಪೇಸಿಂಗ್ ಎಲ್ಲೆಡೆ ಬರಬೇಕಿತ್ತು, ಬರಲಿಲ್ಲ. 2000ದಲ್ಲಿ ಅಮಿತ್ ಅಗರ್‌ವಾಲ್, ಸ್ಟೀಫನ್ ಸ್ಯಾವೇಜ್, ಥಾಮಸ್ ಆಂಡರ್ಸನ್ ಲೆಕ್ಕ ಹಾಕಿ ಒಂದು ಕಹಿ ಸಂಗತಿ ಹೇಳಿದರು. ಸಾಲಾಗಿ ಬಿಡುವವನು ಮತ್ತು ನುಗ್ಗುವವನು ಒಂದೇ ದಾರಿಯಲ್ಲಿದ್ದರೆ ಸೋಲುವವನು ಸಾಲಾಗಿ ಬಿಡುವವನೇ. ಎಲ್ಲರೂ ಶಿಸ್ತಾಗಿ ಬಿಟ್ಟರೂ, ದಾರಿ ತುಂಬಿತೆಂಬ ಸೂಚನೆ ತಡವಾಗಿ, ಎಲ್ಲರಿಗೂ ಒಟ್ಟಿಗೇ ಬಂದು ಎಲ್ಲರೂ ಒಟ್ಟಿಗೇ ಹಿಂಜರಿಯುವುದುಂಟು. ದಾದರ್ ಸ್ಟೇಷನ್ನಿನಲ್ಲಿ ಸಂಜೆ ಆರೂವರೆಗೆ ಇಳಿಯುವವರಿಗೆ ಮೊದಲು ದಾರಿ ಬಿಟ್ಟು ಆಮೇಲೆ ಹತ್ತೋಣ ಎಂದು ನಿಂತವರಿಗೆ ಮೊದಲನೆಯ ಮಾತಿನ ಅರ್ಥ ವಿವರಿಸಬೇಕಾಗಿಲ್ಲ.

ಮುಂದಿನ ಹದಿನೈದು ವರ್ಷಗಳಲ್ಲಿ ಎರಡು ಸಂಗತಿ ಬದಲಾದವು. ಒಂದು, ಗಡಿಯಾರ ಸೂಕ್ಷ್ಮವಾಯಿತು. ಥಾಮಸ್ ಗ್ಲೈಕ್ಸ್‌ನರ್ ಮತ್ತು ಇಂಗೊ ಮೋಲ್ನಾರ್ ಬರೆದ ಹೈ-ರೆಸಲ್ಯೂಷನ್ ಟೈಮರ್ 2006ರಲ್ಲಿ ಲಿನಕ್ಸ್ ಸೇರಿತು. ಅವರು ಒಂದು ಚಂದದ ವ್ಯತ್ಯಾಸ ಗುರುತಿಸಿದ್ದರು. ಉತ್ತರ ಬಾರದಿದ್ದರೆ ಏಳಿಸು ಎನ್ನುವ ಟೈಮರ್‌ಗಳು ಹೆಚ್ಚಾಗಿ ಹೊತ್ತು ಮುಗಿಯುವ ಮುಂಚೆಯೇ ರದ್ದಾಗುತ್ತವೆ, ಅವಕ್ಕೆ ಒರಟು ಚಕ್ರ ಸಾಕು. ಸರಿಯಾಗಿ ಇಂಥ ಗಳಿಗೆಗೆ ಏಳಿಸು ಎನ್ನುವವು ನಿಜವಾಗಿಯೂ ಬಾರಿಸಬೇಕಾದವು, ಅವನ್ನು ಬೇರೆಯೇ ಇಟ್ಟು ನಿಖರವಾಗಿ ನೋಡಿಕೊಳ್ಳಬೇಕು. ಇನ್ನೊಂದು, ಸರ್ವರಿನ ತಂತಿ ಬಹಳ ದಪ್ಪವಾಯಿತು, ನಡುವಿನ ಎಷ್ಟೋ ಸ್ವಿಚ್ಚುಗಳ ಜಾಗ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ನುಗ್ಗುವುದರ ಬೆಲೆ ಏರಿತು.

2013ರಲ್ಲಿ ಎರಿಕ್ ಡ್ಯುಮಾಜೆ ಲಿನಕ್ಸಿಗೆ ಎಫ್‌ಕ್ಯೂ ಎಂಬ ಸಾಲು ವ್ಯವಸ್ಥೆ ತಂದರು. ಪ್ರತಿ ಸಂಪರ್ಕಕ್ಕೂ ಬೇರೆ ಸಾಲು, ಹೊತ್ತು ಬಂದಾಗಲೇ ಬಿಡುಗಡೆ. 2016ರಲ್ಲಿ ಗೂಗಲ್ಲಿನವರು ಬಿಬಿಆರ್ ತಂದರು. ಅದು ಪ್ಯಾಕೆಟ್ ಬೀಳುವವರೆಗೆ ಕಾಯದೆ ದಾರಿಯ ಅಗಲವನ್ನು ತಾನೇ ಅಳೆದು ಅದಕ್ಕೆ ತಕ್ಕ ಅಂತರದಲ್ಲಿ ಬಿಡುತ್ತದೆ. ಅದನ್ನು ಬರೆದವರಲ್ಲಿ ಅದೇ ವ್ಯಾನ್ ಜೇಕಬ್ಸನ್ ಇದ್ದರು. 2017ರಲ್ಲಿ ಗೂಗಲ್ಲಿನವರೇ ಕ್ಯಾರೊಸೆಲ್ ಎಂಬ ವ್ಯವಸ್ಥೆ ಪ್ರಕಟಿಸಿದರು. ನೂರಾರು ಸಾಲುಗಳ ಬದಲು ಒಂದೇ ಚಕ್ರ, 1987ರ ಅದೇ ಚಕ್ರ. 2018ರಲ್ಲಿ ನೆಟ್‌ಫ್ಲಿಕ್ಸಿನ ರ‍್ಯಾಂಡಲ್ ಸ್ಟೀವರ್ಟ್ ಫ್ರೀಬಿಎಸ್‌ಡಿಗೆ ಹೈ ಪ್ರಿಸಿಷನ್ ಟೈಮರ್ ಸಿಸ್ಟಮ್ ಸೇರಿಸಿದರು. ಅದೂ ಚಕ್ರವೇ. 1,02,400 ಮನೆಗಳು, ಒಂದೊಂದು ಮನೆಗೆ 10 ಮೈಕ್ರೋಸೆಕೆಂಡ್, ಒಂದು ಸುತ್ತಿಗೆ ಸೆಕೆಂಡಿಗಿಂತ ತುಸು ಹೆಚ್ಚು. ಹೊರಡುವಾಗ ಗಡಿಯಾರದತ್ತ ಕಣ್ಣು ಹಾಯಿಸುವ 1999ರ ಉಪಾಯವೂ ಮುಂದೆ ಅದರಲ್ಲಿ ಬಂತು. ಅದೇ ವರ್ಷ ಜೇಕಬ್ಸನ್ ಒಂದು ಭಾಷಣದಲ್ಲಿ, ಸಾಧ್ಯವಾದಷ್ಟು ಬೇಗ ಕಳಿಸು ಎಂಬ ಹಳೆಯ ನಿಯಮದ ಕಾಲ ಮುಗಿಯಿತು, ಪ್ರತಿ ಪ್ಯಾಕೆಟ್ಟಿನ ಮೇಲೂ ಅದು ಹೊರಡುವ ಹೊತ್ತು ಬರೆದಿರಲಿ ಎಂದು ವಾದಿಸಿದರು.

ಈಗ ನನ್ನ ಸ್ವಂತ ಕಾರಣ. ಅದರ ಮರುವರ್ಷ ನಾನು ಒಂದು ಪ್ರಾಜೆಕ್ಟಿನ ಮ್ಯಾನೇಜರ್. ಪಾಠದ ವೀಡಿಯೋಗಳನ್ನು ಸಣ್ಣ ಊರುಗಳ ತರಬೇತಿ ಕೇಂದ್ರಗಳಿಗೆ ಕಳಿಸುವ ಕೆಲಸ. ವೀಡಿಯೋ ನಿಂತು ನಿಂತು ಬರುತ್ತದೆ ಎಂಬ ದೂರು. ನನ್ನ ತಂಡದಲ್ಲಿ ಬಳ್ಳಾರಿ ಕಡೆಯ ಒಬ್ಬ ಹುಡುಗಿ ಇದ್ದಳು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. "ಸರ್, ನಾವು ಭಾಳ ಜೋರಾಗಿ ಕಳಸಾಕತ್ತೀವಿ. ಸ್ವಲ್ಪ ತಡದು ಬಿಡೋಣ" ಎಂದಳು. ನಾನು ಇಡೀ ಮೀಟಿಂಗಿನ ಎದುರು, "ಗಿರಾಕಿ ಸ್ಪೀಡ್ ಇಲ್ಲ ಅಂತ ಬೈತಿದ್ದಾನೆ, ನೀನು ನಿಧಾನ ಮಾಡೋಣ ಅಂತೀಯಲ್ಲಮ್ಮ" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸರ್ವರಿಗೆ ದಪ್ಪ ತಂತಿ ಹಾಕಿಸಿದೆವು. ದೂರು ಇಮ್ಮಡಿಯಾಯಿತು. ಆಗಬೇಕಾದದ್ದೇ. ಕೇಂದ್ರದ ಬಾಗಿಲು ಅಷ್ಟೇ ಇತ್ತು, ನುಗ್ಗುವ ರಭಸ ಹೆಚ್ಚಿತ್ತು. ಆರು ವಾರ ಕಳೆದು, ಒಂದು ರಾತ್ರಿ, ಅವಳು ಕೇಳಿಯೇ ಒಂದು ಸರ್ವರಿನಲ್ಲಿ ಮಾತ್ರ ಎಫ್‌ಕ್ಯೂ ಹಾಕಿ ಅಂತರ ಗೊತ್ತುಮಾಡಿದಳು. ಬರೆದದ್ದು ಎರಡು ಸಾಲು. ಬೆಳಗ್ಗೆ ಆ ಸರ್ವರಿನ ಕೇಂದ್ರಗಳಿಂದ ದೂರು ಬರಲಿಲ್ಲ. ನಾನು ವರದಿಯಲ್ಲಿ "ತಂಡ ಪತ್ತೆಹಚ್ಚಿತು" ಎಂದು ಬರೆದೆ. ಸುಳ್ಳಲ್ಲ, ನಿಜವೂ ಅಲ್ಲ. ಆ ವರ್ಷದ ಅಪ್ರೈಸಲ್ಲಿನಲ್ಲಿ ಅವಳಿಗೆ ಅದರ ಲಾಭ ಸಿಗಲಿಲ್ಲ. ಅವಳು ಕೆಲಸ ಬಿಟ್ಟು ಹೋದ ಮೇಲೆ ಈ ಚರಿತ್ರೆಯನ್ನೆಲ್ಲ ಓದತೊಡಗಿದೆ. ಮೂವತ್ತು ವರ್ಷ ಬಲ್ಲವರೇ ಜಗಳವಾಡಿ ಕಂಡುಕೊಂಡದ್ದನ್ನು ಅವಳು ಎರಡು ವಾಕ್ಯದಲ್ಲಿ ಹೇಳಿದ್ದಳು.

ಕಂಪ್ಯೂಟರಿನಲ್ಲಿ ಬಿದ್ದ ಪ್ಯಾಕೆಟ್ಟನ್ನು ಮತ್ತೆ ಕಳಿಸಬಹುದು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ಮಳೆಯಲ್ಲಿ, ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಇಕ್ಕಟ್ಟಾದ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಹಾಗೆ ಹೋದವರು ಮತ್ತೆ ಬರುವುದಿಲ್ಲ. 2023ರಲ್ಲಿ ಸೆಂಟ್ರಲ್ ರೈಲ್ವೆ, ಕಚೇರಿಗಳ ಹೊತ್ತನ್ನು ಹಿಂದೆಮುಂದೆ ಮಾಡಿಕೊಳ್ಳಿ ಎಂದು ನಗರದ ಸಂಸ್ಥೆಗಳನ್ನು ಕೇಳಿಕೊಂಡಿತು. ಅದೂ ಪೇಸಿಂಗ್ ಅಲ್ಲದೆ ಬೇರೇನೂ ಅಲ್ಲ. ನನ್ನ ತಂಡದವರಿಗೆ ಈಗ ಹತ್ತೂವರೆಗೆ ಬನ್ನಿ, ಹನ್ನೊಂದಕ್ಕೆ ಬನ್ನಿ ಎಂದು ಬಿಟ್ಟಿದ್ದೇನೆ. ಗಾಡಿ ತುಂಬಿದ್ದರೆ ಮುಂದಿನದಕ್ಕೆ ಬನ್ನಿ ಎಂದೂ ಹೇಳಿದ್ದೇನೆ.

ಅವಳಿಗೆ ಕಳೆದ ತಿಂಗಳು ಮೆಸೇಜ್ ಮಾಡಿ ಇದನ್ನೆಲ್ಲ ಬರೆಯುತ್ತಿದ್ದೇನೆ, ಹೆಸರು ಹಾಕಲೇ ಎಂದು ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. "ಹೆಸರು ಬ್ಯಾಡ ಸರ್. ಆದ್ರ ಮುಂದಿನ ಮೀಟಿಂಗಿನ್ಯಾಗ ಯಾರರ ಸಣ್ಣವ್ರು ಮಾತಾಡಿದ್ರ ನಗಬ್ಯಾಡ್ರಿ."